ಗಡಿಯ ವ್ಯಾಪಾರಿಗೆ ರಹದಾರಿ ಯಾವುದು?

ಕೊರೋನಾ ಮಹಾಮಾರಿಯ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು 5 ಮೇ 2023ರಂದು ಸಾರಿತು. ಅದಕ್ಕೂ ಬಹು ಮೊದಲೇ ನಮ್ಮ ಗಡಿಗಳ ತಪಾಸಣಾ ನಾಕೆಗಳು ಎದ್ದುಹೋಗಿದ್ದವು. ಪಾಸುಗಳು ಕಸದ ಬುಟ್ಟಿ ಸೇರಿದ್ದವು. ಮುಗಿದುಹೋದ ಸಂಗತಿಯನ್ನು ಈಗೇಕೆ ಕೆದಕುವಿರಿ ಎಂದು ಕೆಲವು ವಾಚಕರು ಕೇಳಿಯಾರು. ಮುಗಿದಿದೆ ಎಂಬ ಕಾರಣದಿಂದಲೇ ಕೆದಕುತ್ತಿದ್ದೇವೆ. ಜಾಡ್ಯವು ಊರೊಳಗಿರುವಾಗ ನ್ಯಾಯ ಕೇಳುವವನ ಮಾತು ಸ್ವಾರ್ಥದ ಮಾತಾಗಿ ತೋರುತ್ತದೆ. ಅದು ತೊಲಗಿದ ಮೇಲೆಯೇ ಸಮಾಧಾನದಿಂದ ಕೇಳುವ ಕಿವಿಗಳು ದೊರೆಯುವುವು. 2020ರಿಂದ 2022ರ ವರೆಗೆ ರಾಜ್ಯದ ಗಡಿ ದಾಟುವವರಿಗೆ ವಿಧಿಸಿದ ನಿಯಮಗಳಲ್ಲಿ ಒಂದು ಮೂಲಭೂತವಾದ ದೋಷವಿತ್ತು. ಮನೆಯಲ್ಲಿ ಇರತಕ್ಕವನು ಒಬ್ಬ, ದೂರದಿಂದ ಪ್ರಯಾಣ ಮಾಡಿ ಬರತಕ್ಕವನು ಇನ್ನೊಬ್ಬ, ಹೀಗೆ ಎರಡೇ ಬಗೆಯ ಮನುಷ್ಯರನ್ನು ಆ ನಿಯಮಗಳು ಬಲ್ಲವು. ಮನೆ ಒಂದು ರಾಜ್ಯದಲ್ಲಿ, ಜೀವನೋಪಾಯ ಇನ್ನೊಂದು ರಾಜ್ಯದಲ್ಲಿ ಇರುವ ಮೂರನೆಯವನು ಅವುಗಳ ಕಣ್ಣಿಗೆ ಬೀಳಲೇ ಇಲ್ಲ.

2020ರ ನಡುವಿನ ತಿಂಗಳುಗಳಲ್ಲಿ ಕರ್ನಾಟಕ ಸರಕಾರವು ವ್ಯಾಪಾರಕ್ಕಾಗಿ ಅಲ್ಪಕಾಲ ಬಂದು ಹೋಗುವವರಿಗೆ ಕ್ವಾರಂಟೈನಿನಿಂದ ರಿಯಾಯಿತಿ ತೋರಿಸಿತು. ಮರಳಿ ಹೋಗುವ ಟಿಕೆಟ್ಟು ಖಚಿತವಾಗಿರಬೇಕು. ಸೋಂಕಿಲ್ಲವೆಂಬ ಪರೀಕ್ಷಾ ವರದಿ ಕೈಯಲ್ಲಿರಬೇಕು, ಇಲ್ಲವೆ ಇಲ್ಲಿಗೆ ಬಂದು ಸ್ವಂತ ಖರ್ಚಿನಲ್ಲಿ ಮಾಡಿಸಿಕೊಳ್ಳಬೇಕು. ಮುಂಬಯಿಯಿಂದ ವಿಮಾನದಲ್ಲಿ ಬೆಂಗಳೂರಿಗೆ ಬಂದು, ಎರಡು ದಿನ ಹೋಟೆಲಿನಲ್ಲಿದ್ದು ಕರಾರು ಮುಗಿಸಿ ಹೋಗುವ ಮಹಾಶಯನಿಗೆ ಇದು ಸರಿಯಾಗಿ ಹೊಂದುವ ನಿಯಮ. ಅವನ ಬಗ್ಗೆ ನಮಗೆ ಅಸೂಯೆಯಿಲ್ಲ. ಆದರೆ ವ್ಯಾಪಾರಿಯೆಂದರೆ ಅವನೊಬ್ಬನೆಯೆ?

ಎಣ್ಮಕಜೆ, ಪೈವಳಿಕೆ, ಪುತ್ತಿಗೆ, ಬದಿಯಡ್ಕಗಳ ಅಡಿಕೆ ಬೆಳೆಗಾರನು ವ್ಯಾಪಾರಿಯಲ್ಲವೆ? ಮಂಜೇಶ್ವರದ ಕಡೆಯಿಂದ ಮೀನು ಹೊತ್ತು ಮಂಗಳೂರಿಗೆ ಹೋಗುವ ಹೆಂಗಸು, ಬೀಡಿ ಕಟ್ಟಿ ಅದನ್ನು ಬ್ರಾಂಚಿಗೆ ಒಪ್ಪಿಸಿ ಎಲೆ ಹೊಗೆಸೊಪ್ಪು ತರುವ ತಾಯಿ, ಇವರೆಲ್ಲ ಯಾರು? ತಾಳವಾಡಿಯ ತರಕಾರಿ ರೈತನಿಗೆ ತನ್ನ ರಾಜ್ಯದ ಸತ್ಯಮಂಗಲಕ್ಕೆ ಇಳಿಯಬೇಕಾದರೆ ದಿಂಬಂ ಘಾಟಿಯ 27 ತಿರುವುಗಳನ್ನು ಹಾಯಬೇಕು. ಚಾಮರಾಜನಗರವೋ ಅವನ ಹಿತ್ತಲಿನ ಪೇಟೆ. ರಾಯದುರ್ಗದ ಸಿದ್ಧ ಉಡುಪಿನವರಿಗೆ ಬಳ್ಳಾರಿ, ಜತ್ತದವರಿಗೆ ವಿಜಯಪುರ, ಅಕ್ಕಲಕೋಟೆಯವರಿಗೆ ಆಳಂದ, ಕಲಬುರಗಿ. ಇವರಲ್ಲಿ ಯಾರ ಕೈಯಲ್ಲಿಯೂ ಮರಳಿ ಹೋಗುವ ಟಿಕೆಟ್ಟಿಲ್ಲ, ಏಕೆಂದರೆ ಇವರು ಪ್ರಯಾಣ ಮಾಡುತ್ತಿಲ್ಲ. ಬೆಳಗ್ಗೆ ಗಂಜಿ ಕುಡಿದು ಹೋಗಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಬರುತ್ತಾರೆ.

ಇಂಥವರ ಮೇಲೆ ಬಿದ್ದ ಮೊದಲನೆಯ ಪೆಟ್ಟು ತಲಪಾಡಿಯದು. 2020ರ ಮಾರ್ಚಿ ತಿಂಗಳ ಕೊನೆಯಲ್ಲಿ ಕಾಸರಗೋಡು ಜಿಲ್ಲೆಯಲ್ಲಿ ಸೋಂಕು ಕೇರಳದಲ್ಲಿಯೇ ಅತ್ಯಧಿಕವಾಗಿದ್ದುದು ನಿಜ. ಆ ಭಯದಿಂದ ಕರ್ನಾಟಕವು ರಾಷ್ಟ್ರೀಯ ಹೆದ್ದಾರಿಯನ್ನು ತಡೆಯಿತು; ಒಳದಾರಿಗಳಿಗೆ ಮಣ್ಣು ಸುರಿಯಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿ ಬದುಕಿದ್ದ ರೋಗಿಗಳನ್ನು ಹೊತ್ತ ಆಂಬುಲೆನ್ಸುಗಳು ಹಿಂದಿರುಗಿದವು; ಹಲವರು ಚಿಕಿತ್ಸೆ ದೊರೆಯದೆ ತೀರಿಕೊಂಡರು. ಕೇರಳ ಉಚ್ಚ ನ್ಯಾಯಾಲಯವು 1 ಏಪ್ರಿಲ್ 2020ರಂದು, ತುರ್ತು ಚಿಕಿತ್ಸೆಗೆ ಹೋಗುವವರಿಗಾಗಿ ಹೆದ್ದಾರಿಯ ತಡೆಯನ್ನು ತೆರವುಗೊಳಿಸಬೇಕೆಂದು ಕೇಂದ್ರ ಸರಕಾರಕ್ಕೆ ಅಪ್ಪಣೆ ಮಾಡಿತು. ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ರೋಗಿಗಳನ್ನು ಬಿಡುವ ಕ್ರಮದ ಬಗ್ಗೆ ಉಭಯ ರಾಜ್ಯಗಳೂ ಒಪ್ಪಿವೆಯೆಂದು 7 ಏಪ್ರಿಲ್ ದಿನ ಅಲ್ಲಿ ಅರಿಕೆ ಮಾಡಲಾಯಿತು. ಎರಡು ನೆರೆಯ ಜಿಲ್ಲೆಗಳು ಕುಳಿತು ಒಂದು ಹಗಲಿನಲ್ಲಿ ತೀರ್ಮಾನಿಸಬಹುದಾಗಿದ್ದ ವಿಷಯಕ್ಕೆ ದೆಹಲಿಯ ನ್ಯಾಯಪೀಠ ಬೇಕಾಯಿತು.

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳತಕ್ಕದ್ದಿದೆ. ಆ ಮಣ್ಣನ್ನು ಸುರಿದದ್ದು ನಾವು ತಾಯಿನಾಡೆಂದು ಕರೆಯುವ ರಾಜ್ಯದ ಆಡಳಿತ. ಪರರಾಜ್ಯದ ಸರಕಾರವು ನಮ್ಮ ಶಾಲೆಗೆ ಕನ್ನಡ ಬಲ್ಲ ಉಪಾಧ್ಯಾಯನನ್ನು ನೇಮಿಸದಿದ್ದರೆ ನಾವು ಠರಾವು ಮಾಡುತ್ತೇವೆ, ಮೆರವಣಿಗೆ ಹೊರಡುತ್ತೇವೆ. ಕನ್ನಡಿಗರ ಸರಕಾರವೇ ಗಡಿಯ ಕನ್ನಡಿಗನನ್ನು ಪರಕೀಯನೆಂದು ನಿಲ್ಲಿಸಿದಾಗ ನಮ್ಮ ಅನೇಕ ಸಂಘಸಂಸ್ಥೆಗಳ ಧ್ವನಿ ಗಂಟಲಲ್ಲಿಯೇ ಉಳಿಯಿತು. ಏಕೀಕರಣದ ಮಾತನ್ನಾಡುವವರಿಗೆ ಇದು ಶೋಭಿಸುವುದಿಲ್ಲ. ಗಡಿಯಾಚೆಯ ನೆಲ ನಮ್ಮದೆಂದು ವಾದಿಸುವ ಸರಕಾರಕ್ಕೆ, ಆ ನೆಲದ ಜನ ತನ್ನವರೆಂಬುದು ಕಷ್ಟಕಾಲದಲ್ಲಿ ಮೊದಲು ನೆನಪಾಗಬೇಕಿತ್ತು.

ಕೇರಳದ ನಡತೆಯೂ ನಿರ್ದೋಷವಾಗಿರಲಿಲ್ಲ. ಹೊರಗಿನಿಂದ ಬರುವವರೆಲ್ಲ ಅಲ್ಲಿಯ ಸರಕಾರದ ಜಾಲತಾಣದಲ್ಲಿ ಹೆಸರು ನೋಂದಾಯಿಸಬೇಕಿತ್ತು; ಮಂಗಳೂರಿನಲ್ಲಿ ದುಡಿದು ಮಂಜೇಶ್ವರದ ತನ್ನ ಮನೆಗೆ ಬರುವವನೂ ಹೊರಗಿನಿಂದ ಬಂದವನೇ ಆದನು. ದಿನನಿತ್ಯ ಹೋಗಿಬರುವವರಿಗೆ ಕೊಡುತ್ತಿದ್ದ ಪಾಸು 2020ರ ಜುಲೈಯಲ್ಲಿ ನಿಂತುಹೋಯಿತು. ಹೆಂಡಿರು ಮಕ್ಕಳನ್ನು ಬಿಟ್ಟು ಕೆಲಸದ ಊರಿನಲ್ಲಿಯೇ ಬಿಡಾರ ಮಾಡಿಕೊಳ್ಳುವುದು, ಇಲ್ಲವೆ ಕೆಲಸ ಬಿಡುವುದು, ಇವೆರಡೇ ದಾರಿಗಳು ಉಳಿದವು. ಅದೇ ವರುಷದ 22 ಆಗಸ್ಟಿನಂದು ಕೇಂದ್ರದ ಗೃಹ ಕಾರ್ಯದರ್ಶಿಯವರು ಎಲ್ಲ ರಾಜ್ಯಗಳಿಗೆ ಪತ್ರ ಬರೆದು, ಜನರ ಮತ್ತು ಸರಕುಗಳ ಅಂತರರಾಜ್ಯ ಓಡಾಟಕ್ಕೆ ತಡೆಯಾಗಲಿ ಪ್ರತ್ಯೇಕ ಪರವಾನಿಗೆಯಾಗಲಿ ಇರಕೂಡದೆಂದು ನೆನಪಿಸಿದರು. ಎರಡು ದಿನಗಳೊಳಗೆ ಕರ್ನಾಟಕವು ನೋಂದಣಿ, ಗಡಿಯ ತಪಾಸಣೆ, ಕೈಗೆ ಮುದ್ರೆ, 14 ದಿನಗಳ ಕ್ವಾರಂಟೈನು ಎಲ್ಲವನ್ನೂ ರದ್ದುಗೊಳಿಸಿತು. ಜನರು ನಿಟ್ಟುಸಿರು ಬಿಟ್ಟರು. ಆ ನೆಮ್ಮದಿ ಆರು ತಿಂಗಳಿನದು.

2021ರ ಫೆಬ್ರವರಿಯಲ್ಲಿ, ಕೇರಳದಿಂದ ಬರುವವರು 72 ಗಂಟೆಗಳೊಳಗಿನ ಆರ್.ಟಿ.ಪಿ.ಸಿ.ಆರ್. ವರದಿಯನ್ನು ತೋರಿಸಬೇಕೆಂಬ ಆಜ್ಞೆ ಹೊರಟಿತು. ದಕ್ಷಿಣ ಕನ್ನಡಕ್ಕೆ ಹೋಗಲು ತಲಪಾಡಿ, ಸಾರಡ್ಕ, ನೆಟ್ಟಣಿಗೆ ಮುಡ್ನೂರು, ಜಾಲ್ಸೂರು ಈ ನಾಲ್ಕೇ ದಾರಿಗಳು ಉಳಿದವು. ಈ 72 ಗಂಟೆಗಳ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. ಮೂಗಿನ ದ್ರವ ಕೊಟ್ಟ ಗಳಿಗೆಯಿಂದ ಗಡಿಯಾರ ಓಡತೊಡಗುತ್ತದೆ. ವರದಿ ಕೈಸೇರುವಾಗ ಒಂದು ದಿನ, ಕೆಲವೊಮ್ಮೆ ಎರಡು ದಿನ ಕಳೆದಿರುತ್ತದೆ. ಉಳಿದ ಅವಧಿಯಲ್ಲಿ ಆತನು ಹೆಚ್ಚೆಂದರೆ ಎರಡು ಬಾರಿ ಪೇಟೆಗೆ ಹೋಗಿ ಬಂದಾನು. 2021ರ ಏಪ್ರಿಲ್ ಕೊನೆಯ ವರೆಗೆ ಕೇರಳದ ಖಾಸಗಿ ಪ್ರಯೋಗಾಲಯಗಳಲ್ಲಿ ಈ ಪರೀಕ್ಷೆಗೆ 1,700 ರೂಪಾಯಿಗಳ ದರವಿತ್ತು; ಆ ಬಳಿಕ 500ಕ್ಕೆ ಇಳಿಸಿದರು. ವಾರಕ್ಕೆ ಎರಡು ಸಲ ಪರೀಕ್ಷೆ ಮಾಡಿಸುವವನಿಗೆ ಹಳೆಯ ದರದಲ್ಲಿ 3,400, ಹೊಸ ದರದಲ್ಲಿ 1,000 ರೂಪಾಯಿ. ಮೀನು ಬುಟ್ಟಿಯವಳು ವಾರಕ್ಕೆ ಸಾವಿರ ರೂಪಾಯಿಗಳನ್ನು ಬರಿಯ ಗಡಿ ದಾಟುವುದಕ್ಕೆ ತೆತ್ತು, ಮೀನನ್ನು ಯಾವ ಬೆಲೆಗೆ ಮಾರಬೇಕು?

31 ಜುಲೈ 2021ರ ಆಜ್ಞೆಯಲ್ಲಿ ಕರ್ನಾಟಕವು ಲಸಿಕೆ ಹಾಕಿಸಿಕೊಂಡವರಿಗೂ ಈ ವರದಿಯನ್ನು ಕಡ್ಡಾಯ ಮಾಡಿತು. ವಿದ್ಯಾಭ್ಯಾಸ, ವ್ಯಾಪಾರಾದಿಗಳಿಗಾಗಿ ದಿನವೂ ಬರುವವರಿಗೆ 15 ದಿನಗಳಿಗೊಮ್ಮೆ ಪರೀಕ್ಷೆ ಸಾಕೆಂಬ ವಿನಾಯಿತಿಯೂ ಅದರಲ್ಲಿತ್ತು. ಗಡಿಯ ಮನುಷ್ಯನಿದ್ದಾನೆಂದು ಯಾರೋ ಒಬ್ಬರಿಗೆ ಕೊನೆಗೂ ಹೊಳೆಯಿತು, ಸಂತೋಷ. ಆದರೆ ಧಾರಣೆ ಏರಿದ ದಿನ ಎರಡು ಮೂಟೆ ಚಾಲಿ ಅಡಿಕೆ ಮಾರಲು ಹೋಗುವ ಕೃಷಿಕನು ದಿನವೂ ಬರುವವನಲ್ಲ. ತಿಂಗಳಿಗೆ ಎರಡು ಸಲ ಬರುವವನು. ಅವನಿಗೆ 72 ಗಂಟೆಗಳ ನಿಯಮವೇ ಗತಿ. ಸರಕಿನ ಲಾರಿಗೆ ದಾರಿಯಿತ್ತು, ಸರಕಿನ ಒಡೆಯನಿಗೆ ಇರಲಿಲ್ಲ. ಕೇರಳ, ಗೋವೆಗಳಿಂದ ಬರುವವರ ಮೇಲಣ ಈ ಕಟ್ಟಳೆಯು 2022ರ ಫೆಬ್ರವರಿಯಲ್ಲಷ್ಟೆ ಸಡಿಲವಾಯಿತು.

ರೋಗಕ್ಕೆ ರಹದಾರಿ ಕೇಳುವುದು ಹೊಸತಲ್ಲ ಎಂದು ಬಲ್ಲವರು ಹೇಳಬಹುದು. ಪ್ಲೇಗು ಹಬ್ಬಿದ 1890ರ ದಶಕದ ಕೊನೆಯಲ್ಲಿ ಮದರಾಸು ಪ್ರಾಂತ್ಯವು ಪ್ಲೇಗ್ ಪಾಸ್‌ಪೋರ್ಟ್ ಎಂಬ ಪದ್ಧತಿಯನ್ನು ತಂದಿತ್ತು. ಕಾಸರಗೋಡು, ಹೊಸೂರು, ಆದವಾನಿ, ರಾಯದುರ್ಗ, ಮಡಕಶಿರಾ ಎಲ್ಲವೂ ಅಂದು ಆ ಪ್ರಾಂತ್ಯದವೇ. ಸೋಂಕಿದ ಊರಿನಿಂದ ಬಂದವನು ಚೀಟಿ ಹಿಡಿದು ಅಧಿಕಾರಿಯ ಮುಂದೆ ಹಾಜರಾಗುತ್ತಿರಬೇಕಿತ್ತು. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ ಆ ಕಾಲದ ಸಂತಾನ. 2020ರಲ್ಲಿಯೂ ಸರಕಾರಗಳು ಕೈಗೆತ್ತಿಕೊಂಡದ್ದು ಅದನ್ನೇ. ಆದರೆ ಪರಕೀಯರ ಆ ಆಳ್ವಿಕೆಗೂ ಇಂದಿಗೂ ನಡುವೆ ಒಂದು ಸಂವಿಧಾನ ಬಂದಿದೆ.

ಆ ಸಂವಿಧಾನ ಏನನ್ನುತ್ತದೆ? ಸಾರ್ವಜನಿಕ ಆರೋಗ್ಯವು ರಾಜ್ಯಗಳ ಅಧಿಕಾರಕ್ಕೆ ಸೇರಿದ್ದು ದಿಟ. ಆದರೆ ಏಳನೆಯ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 81ನೆಯ ನಮೂದನ್ನು ನೋಡಿರಿ: ಅಂತರರಾಜ್ಯ ವಲಸೆ ಮತ್ತು ಅಂತರರಾಜ್ಯ ಕ್ವಾರಂಟೈನು. ಎರಡು ರಾಜ್ಯಗಳ ನಡುವಣ ಕ್ವಾರಂಟೈನು ಯಾವುದೊಂದು ರಾಜ್ಯದ ಸ್ವಂತ ಸೊತ್ತಲ್ಲವೆಂದು ಸಂವಿಧಾನಕರ್ತರು ಮುಂದಾಗಿಯೇ ಯೋಚಿಸಿದ್ದರು. ಭಾರತದ ಉದ್ದಗಲಕ್ಕೂ ವ್ಯಾಪಾರ ವಾಣಿಜ್ಯಗಳು ಮುಕ್ತವಾಗಿರತಕ್ಕದ್ದೆಂದು 301ನೆಯ ಅನುಚ್ಛೇದ ಹೇಳುತ್ತದೆ. ಓಡಾಟದ ಮತ್ತು ಕಸುಬಿನ ಸ್ವಾತಂತ್ರ್ಯವನ್ನು 19ನೆಯದು ಕೊಡುತ್ತದೆ. ಸಾರ್ವಜನಿಕ ಹಿತಕ್ಕಾಗಿ ನಿರ್ಬಂಧ ಹೇರಬಹುದು, ಆದರೆ ಅದು ಯುಕ್ತವಾಗಿರಬೇಕು. ನಾಲ್ಕು ಮೈಲಿ ದೂರದ ಪೇಟೆಗೆ ಹೋಗುವವನಿಗೂ ನಾನೂರು ಮೈಲಿಯಿಂದ ಬರುವವನಿಗೂ ಒಂದೇ ಅಳತೆಗೋಲನ್ನು ಹಿಡಿಯುವ ನಿರ್ಬಂಧವನ್ನು ಯುಕ್ತವೆನ್ನಲು ನಮ್ಮಿಂದಾಗದು.

ಸೋಂಕು ಊರಿನ ದೂರ ನೋಡಿ ಅಂಟುವುದಿಲ್ಲ, ನಿಮ್ಮ ವಾದ ಭಾವನೆಯದು ಎಂಬ ಆಕ್ಷೇಪವುಂಟು. ಅದನ್ನು ತಳ್ಳಿಹಾಕುವುದು ಉಚಿತವಲ್ಲ. ಪರೀಕ್ಷೆ ಬೇಡವೆಂದು ನಾವು ಹೇಳುತ್ತಿಲ್ಲ. ತಲಪಾಡಿಯ ಈಚೆಗೂ ಆಚೆಗೂ ಇರುವ ಊರುಗಳನ್ನು ಒಂದೇ ವಲಯವೆಂದು ಎಣಿಸಿ ಒಂದೇ ಕ್ರಮವನ್ನು ಅನುಸರಿಸಿರಿ ಎನ್ನುತ್ತೇವೆ. ಉಳ್ಳಾಲದವನು ಮಂಗಳೂರಿಗೆ ಚೀಟಿಯಿಲ್ಲದೆ ಹೋಗುವ ದಿನ ಮಂಜೇಶ್ವರದವನೂ ಹೋಗಲಿ. ಉಳ್ಳಾಲದವನನ್ನು ತಡೆಯುವ ದಿನ ಇವನನ್ನೂ ತಡೆಯಿರಿ, ಆಕ್ಷೇಪವಿಲ್ಲ. ಬೇರೆ ಬೇರೆ ದೇಶಗಳೇ ಆಗಿರುವ ಯುರೋಪಿನಲ್ಲಿಯೂ, ಗಡಿ ದಾಟಿ ದುಡಿಯುವ ಅಗತ್ಯ ಕಸುಬಿನವರನ್ನು ತಡೆಯಬಾರದೆಂದು ಅಲ್ಲಿಯ ಒಕ್ಕೂಟದ ಆಯೋಗವು 30 ಮಾರ್ಚ್ 2020ರಷ್ಟು ಮೊದಲೇ ಸೂಚನೆ ಕೊಟ್ಟಿತ್ತು. ಒಂದೇ ದೇಶದವರಾದ ನಮಗೆ ಅಷ್ಟು ಸಾಧ್ಯವಾಗಬಾರದೆ?

ಉಭಯ ರಾಜ್ಯಗಳು ಕೂಡಿ ನಡೆದ ನಿದರ್ಶನ ನಮ್ಮ ಕಣ್ಣೆದುರಿಗೇ ಇದೆ. ಅಡಿಕೆ ಬೆಲೆ ಕುಸಿದ ಕಾಲದಲ್ಲಿ, 1973ರಲ್ಲಿ, ಕರ್ನಾಟಕ ಕೇರಳಗಳೆರಡರ ಬೆಳೆಗಾರರಿಗಾಗಿ ಕ್ಯಾಂಪ್ಕೊ ಸಹಕಾರ ಸಂಸ್ಥೆ ಮಂಗಳೂರಿನಲ್ಲಿ ಹುಟ್ಟಿತು. ಅಡಿಕೆಯ ವಿಷಯದಲ್ಲಿ ಗಡಿ ಅಡ್ಡಬರಲಿಲ್ಲವೆಂದ ಮೇಲೆ ಅಡಿಕೆ ಬೆಳೆದವನ ವಿಷಯದಲ್ಲಿ ಏಕೆ ಬರಬೇಕು? 1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆಯು ವಲಯ ಮಂಡಲಿಗಳನ್ನು ರಚಿಸಿ, ಗಡಿಯ ತಕರಾರು, ಭಾಷಾ ಅಲ್ಪಸಂಖ್ಯಾತರು, ಅಂತರರಾಜ್ಯ ಸಾರಿಗೆ ಇವುಗಳನ್ನು ಚರ್ಚಿಸುವ ಅಧಿಕಾರವನ್ನು ಅವಕ್ಕೆ ಕೊಟ್ಟಿದೆ. ಅಕ್ಕಲಕೋಟೆ, ಜತ್ತಗಳು ಪಶ್ಚಿಮ ವಲಯಕ್ಕೆ, ಕರ್ನಾಟಕವು ದಕ್ಷಿಣ ವಲಯಕ್ಕೆ ಸೇರಿದುವಾದರೂ ಎರಡು ಮಂಡಲಿಗಳು ಒಟ್ಟಾಗಿ ಕೂಡುವುದಕ್ಕೆ ಅದೇ ಕಾಯಿದೆಯಲ್ಲಿ ಎಡೆಯಿದೆ. ಇನ್ನೊಂದು ಜಾಡ್ಯ ಬರುವ ಮೊದಲೇ, ಗಡಿಯ ತಾಲೂಕುಗಳ ನಿವಾಸಿಗಳಿಗೆ ಉಭಯ ರಾಜ್ಯಗಳೂ ಮನ್ನಿಸತಕ್ಕ ಒಂದೇ ರಹದಾರಿ, ಪರೀಕ್ಷೆ ಬೇಕಾದಲ್ಲಿ ಗಡಿಯಲ್ಲೇ ಸರಕಾರದ ಖರ್ಚಿನಲ್ಲಿ ಪರೀಕ್ಷೆ, ಯಾವ ಕಾಲದಲ್ಲಿಯೂ ಮುಚ್ಚಲಾಗದ ಆಸ್ಪತ್ರೆಯ ದಾರಿ, ಇವು ಲಿಖಿತವಾದ ಒಪ್ಪಂದವಾಗಬೇಕು.

ಇದು ತಾನಾಗಿ ಆಗುವ ಕೆಲಸವಲ್ಲ. ಪ್ರತಿಯೊಂದು ಗಡಿಗ್ರಾಮದ ಪಂಚಾಯತಿನಲ್ಲಿ, ಕಸುಬಿಗಾಗಿ ಗಡಿ ದಾಟುವವರ ಹೆಸರು, ಕಸುಬು, ಹೋಗುವ ಊರು, ವಾರಕ್ಕೆ ಎಷ್ಟು ಸಲ ಎಂಬ ವಿವರಗಳ ಪಟ್ಟಿಯೊಂದು ಸಿದ್ಧವಾಗಲಿ. ಬೀಡಿ ಕಟ್ಟುವವರನ್ನೂ ಮೀನು ಮಾರುವವರನ್ನೂ ಅದರಲ್ಲಿ ಬಿಡಬೇಡಿರಿ. ಬರೆದಿಟ್ಟ ಹೆಸರುಗಳಿಲ್ಲದುದರಿಂದಲೇ 2020ರಲ್ಲಿ ಯಾರಿಗೆ ಪಾಸು ಕೊಡಬೇಕೆಂಬುದು ಗುಮಾಸ್ತರ ಮರ್ಜಿಗೆ ಬಿಟ್ಟಂತಾಯಿತು. ಪಟ್ಟಿಯೊಡನೆ ಠರಾವಿನ ಒಂದು ಪ್ರತಿ ನಿಮ್ಮ ಜಿಲ್ಲಾಧಿಕಾರಿಗೆ, ಇನ್ನೊಂದು ಗಡಿಯಾಚೆಯ ಜಿಲ್ಲಾಧಿಕಾರಿಗೆ ಹೋಗಲಿ. ಅರ್ಜಿ ಕನ್ನಡದಲ್ಲಿಯೇ ಇರಲಿ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯಾದರೂ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದವು ಕೊಟ್ಟಿದೆ. ಕೇರಳದಲ್ಲಿರುವವರಿಗೆ ಸರಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ ಅವಕಾಶವನ್ನು ಆ ರಾಜ್ಯದ 1969ರ ಆಡಳಿತಭಾಷಾ ಕಾಯಿದೆಯೂ ಕೊಟ್ಟಿದೆ. ತರ್ಜುಮೆ ಮಾಡಿಸಿ ತನ್ನಿರೆಂದು ಯಾರಾದರೂ ಹಿಂದಿರುಗಿಸಿದರೆ, ಹಾಗೆಂದು ಬರೆದು ಕೊಡಿರೆಂದು ಕೇಳಿರಿ. ಸ್ವೀಕೃತಿಯ ಚೀಟಿ ಕೈಗೆ ಬರುವ ವರೆಗೆ ಕಚೇರಿಯಿಂದ ಕದಲಬೇಡಿರಿ.