ಹಡಗಿನ ಹಿಂದಿನ ಕೋಣೆ

ಮನೆಯೊಂದನ್ನು ಬಾಡಿಗೆಗೆ ಹಿಡಿಯುವಾಗ ನಲ್ಲಿಯಲ್ಲಿ ನೀರು ಬರುತ್ತದೆಯೇ, ಅಡಿಗೆಮನೆಗೆ ಬೆಳಕುಂಟೇ, ಪಕ್ಕದಲ್ಲಿ ಹಿಟ್ಟಿನ ಗಿರಣಿ ಇದೆಯೇ ಎಂದು ನೂರು ಬಾರಿ ವಿಚಾರಿಸುವ ಗೃಹಸ್ಥರು, ಪರದೇಶದ ನದಿಯ ಮೇಲೆ ಏಳು ರಾತ್ರಿಗಳನ್ನು ಕಳೆಯಲಿರುವ ಕೋಣೆಯನ್ನು ಮಾತ್ರ ಬೆಲೆಪಟ್ಟಿಯ ಕೊನೆಯ ಸಾಲನ್ನು ನೋಡಿ ಗೊತ್ತುಮಾಡಿಬಿಡುತ್ತಾರೆ. ಗಿರಣಿ ಹಡಗಿನೊಳಗೇ ಇರುತ್ತದೆ ಎಂಬುದು ಅವರಿಗೆ ತಿಳಿಯುವುದು ಮೊದಲನೆಯ ರಾತ್ರಿ, ದೀಪ ಆರಿಸಿದ ಮೇಲೆ.

ಬೆಂಗಳೂರಿನ ನಿವೃತ್ತ ಉಪಾಧ್ಯಾಯರೊಬ್ಬರನ್ನೂ ಅವರ ಪತ್ನಿಯನ್ನೂ ಊಹಿಸಿಕೊಳ್ಳಬಹುದು. ಮಗಳು ಅಳಿಯ ಜರ್ಮನಿಯಲ್ಲಿ ಉದ್ಯೋಗದಲ್ಲಿದ್ದಾರೆ. ಅವರನ್ನು ನೋಡಲು ಹೊರಟ ಹಿರಿಯರು, ಹೇಗೂ ಅಷ್ಟು ದೂರ ಹೋಗುತ್ತಿರುವಾಗ ರೈನ್ ನದಿಯ ಮೇಲೆ ಒಂದು ವಾರ ಹಡಗಿನಲ್ಲಿ ಸಂಚರಿಸಿ ಬರೋಣವೆಂದು ಮನಸ್ಸು ಮಾಡಿದ್ದಾರೆ. ಇಟ್ಟ ಹಣ ಉಪಾಧ್ಯಾಯ ವೃತ್ತಿಯ ಉಳಿತಾಯ. ಎರಡನೆಯ ಸಲ ಕೂಡಿಸಲಾಗದ ಮೊತ್ತ. ಮೇಜಿನ ಮೇಲೆ ಹಡಗಿನ ನಕ್ಷೆ ಹರಡಿದೆ. ಯಜಮಾನರ ಬೆರಳು ಕೆಳಗಿನ ಅಂತಸ್ತಿನ ಕಟ್ಟಕಡೆಯ ಚೌಕದ ಮೇಲೆ ಊರಿದೆ. ಅಲ್ಲಿ ಬೆಲೆ ಎಲ್ಲಕ್ಕಿಂತ ಕಡಿಮೆ.

“ಮಲಗುವುದಕ್ಕೆ ತಾನೆ ಕೋಣೆ? ಕಣ್ಣು ಮುಚ್ಚಿದ ಮೇಲೆ ಯಾವ ಮೂಲೆಯಾದರೇನು?” ಎಂದು ಅವರ ವಾದ.

“ಮುಚ್ಚಿದರೆ ಸರಿ. ಮುಚ್ಚದಿದ್ದರೆ ಏನು ಮಾಡುತ್ತೀರಿ?” ಎಂದು ಆಕೆಯ ಪ್ರಶ್ನೆ.

ಪ್ರಶ್ನೆ ಕೊಂಕಿನದಲ್ಲ. ಹಿತ್ತಿಲ ಬಾಗಿಲ ಚಿಲಕ ಅಲುಗಿದರೆ ಎದ್ದು ಕೂರುವ ಸ್ವಭಾವ ಆಕೆಯದು. ಎರಡು ವರ್ಷಗಳಿಂದ ರಕ್ತದ ಒತ್ತಡವೂ ಸೇರಿಕೊಂಡಿದೆ. ನಿದ್ದೆ ಕೆಡಬಾರದೆಂದು ವೈದ್ಯರು ಕಟ್ಟಪ್ಪಣೆ ಮಾಡಿದ್ದಾರೆ. ಏಳು ರಾತ್ರಿ ನಿದ್ದೆಯಿಲ್ಲದೆ ಕಳೆದವರಿಗೆ ಏಳು ಹಗಲುಗಳ ಕೋಟೆ ಕೊತ್ತಲಗಳಿಂದ ಬರುವ ಸುಖವೆಷ್ಟು?

ವಿಚಿತ್ರವೆಂದರೆ, ನದಿಯ ಹಡಗಿನಲ್ಲಿ ಹಿಂದಿನ ಕೋಣೆಗೇ ಜನ ಮುಗಿಬೀಳುತ್ತಿದ್ದ ಕಾಲವೊಂದಿತ್ತು. ಅದು ಅಮೆರಿಕೆಯ ಉಗಿಹಡಗುಗಳ ಯುಗ. ಒಹಾಯೋ, ಮಿಸಿಸಿಪ್ಪಿ ನದಿಗಳ ಹಡಗುಗಳಲ್ಲಿ ಕುದಿಯುವ ಬಾಯ್ಲರುಗಳಿರುತ್ತಿದ್ದುದು ಮುಂಭಾಗದಲ್ಲಿ. ಅಧಿಕ ಒತ್ತಡದ ಉಗಿಯನ್ನು ತುಂಬಿಕೊಂಡು ಅವು ಸಿಡಿಯುವುದು ಅಪರೂಪದ ಸಂಗತಿಯಾಗಿರಲಿಲ್ಲ. ಅದಕ್ಕೇ ಹೆಂಗಸರ ವಿಭಾಗವನ್ನು ಹಿಂತುದಿಯಲ್ಲಿ, ಬಾಯ್ಲರಿನಿಂದ ಆದಷ್ಟು ದೂರದಲ್ಲಿ ಕಟ್ಟುತ್ತಿದ್ದರು. 1842ರಲ್ಲಿ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಪಿಟ್ಸ್‌ಬರ್ಗಿನಿಂದ ಸಿನ್ಸಿನಾಟಿಗೆ ‘ಮೆಸೆಂಜರ್’ ಎಂಬ ಹಡಗಿನಲ್ಲಿ ಪ್ರಯಾಣ ಮಾಡಿದಾಗ, ಹಡಗುಗಳು ಸಾಮಾನ್ಯವಾಗಿ ಮುಂದುಗಡೆಯೇ ಸಿಡಿಯುವುದರಿಂದ ಹಿಂದೆ ಸರಿದಷ್ಟೂ ಕ್ಷೇಮವೆಂದು ಹಲವರು ಗಂಭೀರವಾಗಿ ಬುದ್ಧಿ ಹೇಳಿದ್ದರು. ಹಾಸ್ಯಕ್ಕೆ ಹೆಸರಾದ ಆತನೂ ಈ ಮಾತನ್ನು ನಕ್ಕು ತಳ್ಳಿಹಾಕಲಿಲ್ಲ. ಹಿಂದಿನ ಕೋಣೆ ದೊರೆತದ್ದು ನೆಮ್ಮದಿಯ ವಿಷಯವೇ ಆಯಿತು. 1858ರಲ್ಲಿ ಮಿಸಿಸಿಪ್ಪಿಯ ಮೇಲೆ ‘ಪೆನ್ಸಿಲ್ವೇನಿಯಾ’ ಹಡಗು ಸಿಡಿದಾಗ ಪೆಟ್ಟಾಗಿ ತೀರಿಕೊಂಡವರಲ್ಲಿ ಮಾರ್ಕ್ ಟ್ವೇನನ ತಮ್ಮ ಹೆನ್ರಿಯೂ ಒಬ್ಬ. 1865ರ ಏಪ್ರಿಲ್ 27ರಂದು ಮೆಂಫಿಸ್ ಬಳಿ ‘ಸುಲ್ತಾನಾ’ ಸಿಡಿದು ಸಾವಿರಕ್ಕೂ ಹೆಚ್ಚು ಮಂದಿ ಮಡಿದರು. ಅಂದಿನ ಪ್ರಯಾಣಿಕನಿಗೆ ಕೋಣೆಯ ಆಯ್ಕೆ ಪ್ರಾಣದ ಪ್ರಶ್ನೆ.

ಬಾಯ್ಲರು ಹೋಗಿ ಡೀಸೆಲ್ ಎಂಜಿನ್ ಬಂದ ಮೇಲೆ ಲೆಕ್ಕ ತಿರುಗುಮುರುಗಾಯಿತು. ಇಂದು ರೈನ್ ಮತ್ತು ಡ್ಯಾನ್ಯೂಬ್ ನದಿಗಳ ಮೇಲೆ ಓಡಾಡುವ ಹಡಗುಗಳಲ್ಲಿ ಎಂಜಿನ್ನು ಸಾಮಾನ್ಯವಾಗಿ ಹಿಂತುದಿಯಲ್ಲಿ, ಕೆಳಗಿನ ಅಂತಸ್ತಿನ ಮಟ್ಟದಲ್ಲಿ ಇರುತ್ತದೆ. ನೀರನ್ನು ತಳ್ಳುವ ಪ್ರೊಪೆಲರುಗಳೂ ಅಲ್ಲೇ. ಪ್ರಾಣಭಯ ಹೋಯಿತು; ನಿದ್ದೆಯ ಭಯ ಉಳಿಯಿತು.

ಈ ಹಡಗುಗಳ ಆಕಾರವೇ ಒಂದು ವಿನೋದ. ದೊಡ್ಡವು 135 ಮೀಟರ್ ಉದ್ದವಿದ್ದರೂ ಅಗಲ 11.45 ಮೀಟರು ಮಾತ್ರ. ಕಾರಣವಿದೆ. ರೈನ್ ನದಿಯನ್ನು ಡ್ಯಾನ್ಯೂಬಿಗೆ ಸೇರಿಸಲು ಮೈನ್ ನದಿಯಿಂದ 171 ಕಿಲೋಮೀಟರ್ ಉದ್ದದ ಕಾಲುವೆಯೊಂದಿದೆ. 1992ರಲ್ಲಿ ಸಂಚಾರಕ್ಕೆ ತೆರೆದ ಈ ಕಾಲುವೆ ಸಮುದ್ರಮಟ್ಟದಿಂದ 406 ಮೀಟರ್ ಎತ್ತರದ ದಿಣ್ಣೆಯನ್ನು ಹತ್ತಿ ಇಳಿಯುತ್ತದೆ. ನೀರು ಗುಡ್ಡ ಹತ್ತಲಾರದಷ್ಟೆ. ಅದಕ್ಕಾಗಿ 16 ಲಾಕುಗಳನ್ನು ಕಟ್ಟಿದ್ದಾರೆ. ಲಾಕ್ ಎಂದರೆ ಎರಡು ಕಡೆಯೂ ಬಾಗಿಲಿರುವ ಕಾಂಕ್ರೀಟಿನ ತೊಟ್ಟಿ. ಹಡಗು ಒಳಗೆ ಬಂದ ಮೇಲೆ ಬಾಗಿಲು ಮುಚ್ಚಿ ನೀರು ತುಂಬಿದರೆ ಹಡಗು ಮೇಲೇರುತ್ತದೆ, ಬಸಿದರೆ ಕೆಳಗಿಳಿಯುತ್ತದೆ. ಆ ತೊಟ್ಟಿಯ ಅಗಲ 12 ಮೀಟರು. ಎರಡು ಬದಿಗೂ ಉಳಿಯುವುದು ಒಂದು ಗೇಣಿಗಿಂತ ತುಸು ಹೆಚ್ಚು ಜಾಗ! ಹೀಗೆ ಉದ್ದಕ್ಕೆ ಬೆಳೆದ ಹಡಗಿನಲ್ಲಿ ಮಧ್ಯದ ಕೋಣೆಗೂ ಎಂಜಿನ್ನಿಗೂ ಐವತ್ತು ಅರವತ್ತು ಮೀಟರ್ ಅಂತರ ಸಿಗುತ್ತದೆ. ಹಿಂದಿನ ಕೋಣೆಗೆ ಒಂದು ಉಕ್ಕಿನ ಗೋಡೆಯಷ್ಟೇ ಮರೆ.

ಆ ಗೋಡೆಯೂ ನಂಬಿಕೆಗೆ ತಕ್ಕದ್ದಲ್ಲ. ಗಾಳಿಯಲ್ಲಿ ಬರುವ ಸದ್ದನ್ನು ಗೋಡೆ ತಡೆದೀತು. ಕಂಪನ ಬರುವುದು ಉಕ್ಕಿನ ಒಡಲಿನಲ್ಲೇ. ನೆಲದಿಂದ ಮಂಚಕ್ಕೆ, ಮಂಚದಿಂದ ದಿಂಬಿಗೆ, ದಿಂಬಿನಿಂದ ತಲೆಗೆ ಅದು ನಡೆದುಬರುತ್ತದೆ. ಕಿವಿಗೆ ಹತ್ತಿ ತುರುಕಿಕೊಂಡವರಿಗೂ ಎಂಜಿನ್ನಿನ ಗುಂಯ್‌ಗಾರ ತಪ್ಪದಿರುವುದು ಇದೇ ಕಾರಣದಿಂದ. ತಗ್ಗಿದ ದನಿಯ ಸದ್ದನ್ನು ತಡೆಯುವುದು ಕೀರಲು ಸದ್ದನ್ನು ತಡೆಯುವುದಕ್ಕಿಂತ ಯಾವಾಗಲೂ ಕಷ್ಟ. ಮೂರನೆಯ ಮನೆಯ ಮದುವೆಯ ಓಲಗ ಕೇಳಿಸದೆ ಡೋಲು ಮಾತ್ರ ಕೇಳಿಸುವ ಅನುಭವ ಯಾರಿಗಿಲ್ಲ?

ಹಡಗು ಕಟ್ಟುವವರು ಕೈಕಟ್ಟಿ ಕುಳಿತಿದ್ದಾರೆಂದಲ್ಲ. ಎಂಜಿನ್ನಿನ ಕೆಳಗೆ ರಬ್ಬರಿನ ಮೆತ್ತೆಗಳನ್ನಿಟ್ಟು ಕಂಪನವನ್ನು ಹೀರಿಸುತ್ತಾರೆ. ಜರ್ಮನ್ನರು ‘ಟ್ವಿನ್ ಕ್ರೂಸರ್’ ಎಂಬ ವಿನ್ಯಾಸದಲ್ಲಿ ಯಂತ್ರದ ಭಾಗವನ್ನೇ ಬೇರೆ ಒಡಲಾಗಿ ಕಟ್ಟಿ, ಪ್ರಯಾಣಿಕರ ಭಾಗದ ಹಿಂದೆ ಜೋಡಿಸಿದರು. ಅಡಿಗೆಮನೆಯ ಹೊಗೆ ಪಡಸಾಲೆಗೆ ಬಾರದಂತೆ ಹಿತ್ತಿಲಲ್ಲಿ ಒಲೆ ಹೂಡಿದ ಹಾಗೆ. ಇನ್ನು ಕೆಲವು ಹೊಸ ಹಡಗುಗಳಲ್ಲಿ ಡೀಸೆಲ್ ಎಂಜಿನ್ನು ವಿದ್ಯುತ್ತನ್ನು ಉತ್ಪಾದಿಸುತ್ತದೆ, ಪ್ರೊಪೆಲರನ್ನು ತಿರುಗಿಸುವುದು ವಿದ್ಯುತ್ ಮೋಟಾರು. ಇವುಗಳಲ್ಲಿ ಅದುರು ಕಡಿಮೆ. ಆದ್ದರಿಂದ ಯಾವ ಕೋಣೆ ಎಂಬುದಕ್ಕಿಂತ ಮೊದಲು ಯಾವ ವರ್ಷ ಕಟ್ಟಿದ ಹಡಗು ಎಂದು ಕೇಳುವವರು ಜಾಣರು.

ಸದ್ದಿಗೂ ಕಾನೂನುಂಟು. ಯೂರೋಪಿನ ಒಳನಾಡು ನೌಕೆಗಳ ನಿಯಮದಂತೆ, ಚಲಿಸುವ ಹಡಗಿನ ಸದ್ದು ಅದರ ಮಗ್ಗುಲಿನಿಂದ 25 ಮೀಟರ್ ದೂರದಲ್ಲಿ 75 ಡೆಸಿಬಲ್ ಮೀರಬಾರದು. ನಿಂತ ಹಡಗಿನದು 65 ಮೀರಬಾರದು. ನಾವಿಕರು ಮಲಗುವ ಕೋಣೆಯೊಳಗೆ ಮಿತಿ 60. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಹೊರಡಿಸಿದ ಸೂಚನೆಗಳ ಪ್ರಕಾರವಾದರೋ, ಒಳ್ಳೆಯ ನಿದ್ದೆಗೆ ಮಲಗುವ ಕೋಣೆಯಲ್ಲಿ ನಿರಂತರವಾದ ಸದ್ದು 30 ಡೆಸಿಬಲ್ಲಿನೊಳಗಿರಬೇಕು. ಮೂವತ್ತಕ್ಕೆ ಅರವತ್ತು ಎರಡರಷ್ಟೆಂದು ತಿಳಿದರೆ ತಪ್ಪು. ಪ್ರತಿ 10 ಡೆಸಿಬಲ್ಲಿಗೆ ಕಿವಿಗೆ ಸದ್ದು ಸುಮಾರು ಇಮ್ಮಡಿಯಾದಂತೆ ಕೇಳುತ್ತದೆ. ಮೂವತ್ತರಿಂದ ಅರವತ್ತಕ್ಕೆ ಎಂಟರಷ್ಟಾಗುತ್ತದೆ. ಪ್ರಯಾಣಿಕರ ಕೋಣೆಗಳಲ್ಲಿ ಅಷ್ಟು ಸದ್ದಿರಬೇಕೆಂದೇನೂ ಇಲ್ಲ. ಆದರೆ ಕಾನೂನಿಗೆ ಒಪ್ಪಿಗೆಯಾದದ್ದೆಲ್ಲ ಕಿವಿಗೆ ಒಪ್ಪಿಗೆಯಾಗುವುದಿಲ್ಲ.

ಹಾಗಾದರೆ ಮುಂತುದಿಯ ಕೋಣೆಯನ್ನು ಹಿಡಿದರೆ ಮುಗಿಯಿತೇ? ಅಲ್ಲಿಯೂ ಒಂದು ಪುಟ್ಟ ರಾಕ್ಷಸನಿದ್ದಾನೆ. ಹಡಗಿನ ಮೂತಿಯನ್ನು ಎಡಬಲಕ್ಕೆ ತಿರುಗಿಸಲು ನೀರನ್ನು ರಭಸದಿಂದ ಪಕ್ಕಕ್ಕೆ ಚಿಮ್ಮುವ ಯಂತ್ರವೊಂದು ಮುಂಭಾಗದ ತಳದಲ್ಲಿರುತ್ತದೆ. ‘ಥ್ರಸ್ಟರ್’ ಎಂದು ಅದರ ಹೆಸರು. ದಿನವೆಲ್ಲ ಮೌನವಾಗಿರುವ ಅದು ದಡ ಸೇರುವಾಗ, ದಡ ಬಿಡುವಾಗ, ಲಾಕಿನೊಳಗೆ ನುಗ್ಗುವಾಗ ಒಮ್ಮೆಲೇ ಗರ್ಜಿಸುತ್ತದೆ. ಬಾಸೆಲ್ ನಗರದಿಂದ ಇಫೆಜ್‌ಹೈಮ್‌ವರೆಗೆ ರೈನಿನ ಮೇಲೆ ಹತ್ತು ಲಾಕುಗಳಿವೆ. ಹಗಲೆಲ್ಲ ಊರು ತೋರಿಸಿ ರಾತ್ರಿ ಪ್ರಯಾಣ ಮಾಡುವುದು ಈ ಹಡಗುಗಳ ಪದ್ಧತಿಯಾದ್ದರಿಂದ, ಹತ್ತರಲ್ಲಿ ಹಲವು ಬರುವುದು ಜನ ಮಲಗಿದ ಮೇಲೆಯೇ. ಹಿಂದಿನವನಿಗೆ ಒಂದೇ ಸಮನಾದ ಗುಂಯ್‌ಗಾರ, ಮುಂದಿನವನಿಗೆ ಆಗಾಗ ಗುಡುಗು. ಒಂದೇ ಸಮನಾದ ಸದ್ದಿಗೆ ಕೆಲವರು ಎರಡನೆಯ ರಾತ್ರಿಗೆ ಒಗ್ಗಿಹೋಗುತ್ತಾರೆ. ಗುಡುಗಿಗೆ ಒಗ್ಗುವವರು ಕಡಿಮೆ.

ಮೇಲಿನ ಅಂತಸ್ತಿನಲ್ಲಿ ಎಂಜಿನ್ನಿನ ಸದ್ದು ಕಡಿಮೆ, ನೋಟ ಹೆಚ್ಚು, ಬೆಲೆ ಇನ್ನೂ ಹೆಚ್ಚು. ಆದರೆ ಅದರ ತಾರಸಿಯೇ ಎಲ್ಲರೂ ಅಡ್ಡಾಡುವ ಬಿಸಿಲುಮಾಳಿಗೆ. ಮುಂಜಾನೆ ಕುರ್ಚಿ ಎಳೆಯುವ ಉತ್ಸಾಹಿಗಳು ಎಲ್ಲ ದೇಶದಲ್ಲಿಯೂ ಇದ್ದಾರೆ. ತಗ್ಗಾದ ಸೇತುವೆ ಬಂದಾಗ ನಾವಿಕರು ಮೇಲಿನ ಕಟಕಟೆಗಳನ್ನು ಮಡಚುವ ಸದ್ದೂ ಉಂಟು. ‘ಫ್ರೆಂಚ್ ಬಾಲ್ಕನಿ’ ಎಂಬ ಹೆಸರಿಗೆ ಮರುಳಾಗುವವರು ಒಂದು ಮಾತು ತಿಳಿದಿರಬೇಕು: ಅದು ಬಾಲ್ಕನಿಯಲ್ಲ, ಸರಿಸುವ ಗಾಜಿನ ಬಾಗಿಲಿಗೆ ಅಡ್ಡ ಹಾಕಿದ ಒಂದು ಕಂಬಿ. ಕಾಲಿಡಲು ಸ್ಥಳವಿಲ್ಲ. ಊರುಗಳಲ್ಲಿ ದಡ ಸಾಲದೆ ಎರಡು ಮೂರು ಹಡಗುಗಳನ್ನು ಒಂದರ ಮಗ್ಗುಲಿಗೊಂದು ಕಟ್ಟುವುದು ವಾಡಿಕೆ. ಹೆಚ್ಚು ಹಣ ತೆತ್ತು ಪಡೆದ ಬಾಗಿಲನ್ನು ಸರಿಸಿದರೆ ಕಾಣುವುದು ನದಿಯಲ್ಲ, ಎದುರು ಹಡಗಿನ ಪ್ರಯಾಣಿಕರೊಬ್ಬರು ಹಲ್ಲುಜ್ಜುವ ದೃಶ್ಯ. ದೀಪಕ್ಕೂ ಹವಾನಿಯಂತ್ರಣಕ್ಕೂ ಜನರೇಟರ್ ಓಡುತ್ತಿದ್ದರೆ ನಿಂತ ಹಡಗಿನಲ್ಲಿಯೂ ಮೌನವಿಲ್ಲ. ಕೆಲವು ನಗರಗಳಲ್ಲಿ ಮಾತ್ರ ದಡದಿಂದಲೇ ವಿದ್ಯುತ್ತನ್ನು ಕೊಟ್ಟು ಅದನ್ನು ನಿಲ್ಲಿಸುವ ಏರ್ಪಾಡಿದೆ.

ಹಡಗಿನ ತಪ್ಪೇ ಇಲ್ಲದ ಸದ್ದೂ ಒಂದುಂಟು. ಬಿಂಗೆನ್ನಿನಿಂದ ಕೊಬ್ಲೆನ್ಜಿನವರೆಗೆ ರೈನ್ ನದಿ ಗುಡ್ಡಗಳ ನಡುವೆ ಕಿರಿದಾಗಿ ಹರಿಯುವ 65 ಕಿಲೋಮೀಟರ್ ಕಣಿವೆಯನ್ನು ಯುನೆಸ್ಕೋ 2002ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನದಿಯಿಂದ 132 ಮೀಟರ್ ಎದ್ದು ನಿಂತ ಲೋರೆಲೈ ಬಂಡೆ ಇರುವುದು ಅಲ್ಲಿಯೇ. ಹಾಡಿನಿಂದ ನಾವಿಕರನ್ನು ಮರುಳುಮಾಡುತ್ತಿದ್ದಳೆಂಬ ಕನ್ನಿಕೆಯ ಕಥೆಯನ್ನು ಎಲ್ಲ ಹಡಗಿನಲ್ಲಿಯೂ ಹೇಳುತ್ತಾರೆ. ನದಿಯ ಎರಡು ದಡದಲ್ಲಿಯೂ ರೈಲುಹಾದಿಯಿರುವುದನ್ನೂ, ರಾತ್ರಿಯೆಲ್ಲ ಸರಕಿನ ಗಾಡಿಗಳು ಓಡುವುದನ್ನೂ ಅಷ್ಟಾಗಿ ಹೇಳುವುದಿಲ್ಲ. ಆ ಕಣಿವೆಯ ಊರೊಂದರಲ್ಲಿ ಹಡಗು ತಂಗಿದರೆ ಕನ್ನಿಕೆಯ ಹಾಡಿಗೆ ಬದಲು ಗಾಲಿಗಳ ಹಾಡು.

ಇನ್ನು ಬೆಲೆಪಟ್ಟಿಯಲ್ಲಿ ಎಲ್ಲಿಯೂ ಅಚ್ಚಾಗದ ವಿಷಯವೊಂದಿದೆ, ದಿಕ್ಕು. ಬಾಸೆಲಿನಿಂದ ಆಮ್‌ಸ್ಟರ್‌ಡ್ಯಾಮಿಗೆ ಇಳಿಯುವ ಹಡಗು ಪ್ರವಾಹದ ಜೊತೆಯಲ್ಲಿ ಹೋಗುತ್ತದೆ. ಅದೇ ಹಡಗು ಮರುವಾರ ಹಿಂತಿರುಗುವಾಗ ಪ್ರವಾಹಕ್ಕೆ ಎದುರು ಏರಬೇಕು. ಎಂಜಿನ್ನಿಗೆ ದುಡಿಮೆ ಹೆಚ್ಚು, ಸದ್ದೂ ಹೆಚ್ಚು. ನೀರು ತಗ್ಗಿದ ಕಾಲದಲ್ಲಿ ತಳಕ್ಕೂ ಪ್ರೊಪೆಲರಿಗೂ ಅಂತರ ಕಡಿಮೆಯಾಗಿ ಅದುರು ಬಲಿಯುತ್ತದೆ. 2018ರ ಅಕ್ಟೋಬರಿನಲ್ಲಿ ಕಾವ್ಬ್ ಊರಿನ ಅಳತೆಗೋಲು 25 ಸೆಂಟಿಮೀಟರಿಗೆ ಇಳಿದಿತ್ತು. ಅಳತೆಗೋಲಿನ ಸೊನ್ನೆ ನದಿಯ ತಳವಲ್ಲವಾದ್ದರಿಂದ ನೀರು ಅದಕ್ಕಿಂತ ಆಳವಾಗಿಯೇ ಇತ್ತು. ಆದರೂ ಅಂಥ ದಿನಗಳಲ್ಲಿ ಪ್ರವಾಸಿಗಳನ್ನು ಹಡಗಿನಿಂದಿಳಿಸಿ ಬಸ್ಸಿನಲ್ಲಿ ಕರೆದೊಯ್ಯಬೇಕಾಗುವುದುಂಟು.

ಇಷ್ಟೆಲ್ಲ ತೂಗಿನೋಡಿದರೆ ಉದ್ದದಲ್ಲಿ ನಟ್ಟನಡುವೆ, ಬಾಗಿಲುಗಳ ಬಡಿತವಿರುವ ಸ್ವಾಗತದ ಕಟ್ಟೆಗೂ ಮೆಟ್ಟಿಲಿಗೂ ತುಸು ದೂರದಲ್ಲಿ, ಮೇಲೆ ಊಟದ ಮನೆಯಾಗಲಿ ಕುಣಿತದ ಹಜಾರವಾಗಲಿ ಇಲ್ಲದ ಕೋಣೆಯೇ ವಾಸಿ. ಅದು ಕೆಳಗಿನ ಅಂತಸ್ತಿನದಾದರೂ ಚಿಂತೆಯಿಲ್ಲ. ಅಲ್ಲಿಯ ಕಿಟಕಿ ಚಿಕ್ಕದು, ತೆರೆಯಲು ಬಾರದು, ನೀರು ಗಾಜಿನ ಸಮೀಪದಲ್ಲೇ ಹರಿಯುತ್ತದೆ. ಹಗಲು ಕೋಣೆಯಲ್ಲಿ ಕುಳಿತಿರಬಯಸುವವರಿಗೆ ಅದು ಸಾಲದು. ಹಗಲೆಲ್ಲ ಮೇಲೆ ಕಳೆಯುವವರಿಗೆ ಅದಕ್ಕಿಂತ ಹೆಚ್ಚಿನದಕ್ಕೆ ಹಣ ತೆರುವುದು ದುಂದು.

ಮೇಜಿನ ಬಳಿಯ ಚರ್ಚೆ ಮುಗಿಸಿದ್ದು ಮಗಳ ದೂರವಾಣಿ. “ಅಪ್ಪಾ, ಹಿಂದುಗಡೆಯದು ಬೇಡ. ಅಮ್ಮನಿಗೆ ಆಗುವುದಿಲ್ಲ. ನಡುವಿನದನ್ನು ಕೇಳಿ, ಹೆಚ್ಚಿನ ಹಣವನ್ನು ನಾನು ಕೊಡುತ್ತೇನೆ” ಎಂದಳು. ಮಗಳಿಂದ ಹಣ ಪಡೆಯುವ ಮಾತು ಉಪಾಧ್ಯಾಯರಿಗೆ ಎಂಜಿನ್ನಿನ ಸದ್ದಿಗಿಂತ ಕರ್ಕಶವಾಗಿ ಕೇಳಿತು. ಬೆರಳು ನಕ್ಷೆಯ ಮೇಲೆ ಮುಂದೆ ಸರಿಯಿತು. ಅಂತಸ್ತು ಕೆಳಗಿನದೇ, ಜಾಗ ನಡುವಿನದು, ಪ್ರಯಾಣ ಪ್ರವಾಹದ ದಿಕ್ಕಿನಲ್ಲಿ. ಹಣದ ವ್ಯತ್ಯಾಸ ಅವರು ಹೆದರಿದ್ದಷ್ಟಿರಲಿಲ್ಲ.

ಬಾಸೆಲ್ ಬಿಟ್ಟ ರಾತ್ರಿ ಎರಡು ಗಂಟೆಗೆ ಏನೋ ಮೆಲ್ಲಗೆ ತಾಗಿದಂತಾಗಿ ಎಚ್ಚರವಾದದ್ದು ಆಕೆಗಲ್ಲ, ಅವರಿಗೆ. ಕಿಟಕಿಯ ಹೊರಗೆ ಒಂದು ಮೊಳ ದೂರದಲ್ಲಿ, ವಿದ್ಯುದ್ದೀಪದ ಬೆಳಕಿನಲ್ಲಿ ಒದ್ದೆಯಾದ ಕಾಂಕ್ರೀಟಿನ ಗೋಡೆ ನಿಧಾನವಾಗಿ ಮೇಲಕ್ಕೇರುತ್ತಿತ್ತು. ಏರುತ್ತಿರುವುದು ಗೋಡೆಯಲ್ಲ, ಇಳಿಯುತ್ತಿರುವುದು ತಾವು ಎಂದು ತಿಳಿಯಲು ಅವರಿಗೆ ಕ್ಷಣಕಾಲ ಹಿಡಿಯಿತು. ತೋರಿಸೋಣವೆಂದು ಪಕ್ಕಕ್ಕೆ ತಿರುಗಿದರು. ಆಕೆ ಗೋಡೆಯ ಕಡೆಗೆ ಮಗ್ಗುಲಾಗಿ ಗಾಢವಾಗಿ ನಿದ್ರಿಸುತ್ತಿದ್ದರು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಬಾಗಿಲು ತೆರೆದು ಹಡಗು ಹೊರಡುವವರೆಗೂ ಅವರೊಬ್ಬರೇ ಕುಳಿತು ನೋಡಿದರು.