ಹಳೇ ನಕಾಶೆಗೂ ನೂರು ರೂಪಾಯಿ ತೆಗೆದಿಡಾನ

ಮನೆ ಕಂದಾಯದ ರಸೀದಿ ಒಂದ್ಸಲ ಬಿಡಿಸಿ ನೋಡ್ರಮ್ಮಾ. ಅದ್ರಲ್ಲಿ ಗ್ರಂಥಾಲಯ ಕರ ಅಂತ ಒಂದು ಸಾಲು ಇರ್ತೈತೆ. ಕಂದಾಯದ ಒಂದೊಂದು ರೂಪಾಯಿಗೂ 6 ಪೈಸೆ. “ಅಷ್ಟು ಕಟ್ತಾ ಇದ್ದೀವಲ್ಲ, ಮತ್ತೆ ಲೈಬ್ರರಿಗೆ ದಾನ ಬೇರೆ ಯಾಕೆ?” ಅಂತ ನೀವು ಕೇಳೋದು ನ್ಯಾಯಾನೇ. ಆದ್ರೆ ಆ ದುಡ್ಡಿಗೆ ಪುಸ್ತಕ, ಪೇಪರು, ಕಟ್ಟಡ ಅಂತ ನೂರೆಂಟು ಖರ್ಚು. ಹಳೇ ನಕಾಶೆ ಬೇಕು ಅಂತ ಯಾರೂ ಹೋಗಿ ಕೇಳಲ್ಲ, ಕೇಳದ ವಸ್ತುಗೆ ಯಾರೂ ದುಡ್ಡು ತೆಗೆದಿಡಲ್ಲ. ಕೋಲಾರದ ಜಿಲ್ಲಾ ಗ್ರಂಥಾಲಯದಲ್ಲಿ ನಮ್ಮ ಸೀಮೆ ಹಳೇ ನಕಾಶೆಗಳಿಗೆ ಅಂತಲೇ ಒಂದು ಬೀರು ಇರ್ಬೇಕು, ಅದಕ್ಕೆ ನಾವು ಹೆಂಗಸ್ರೂ ಕೈ ಜೋಡಿಸ್ಬೇಕು ಅನ್ನೋದು ನನ್ನ ಅಭಿಪ್ರಾಯ.

ನಕಾಶೆ ಅಂದ್ರೆ ಸರ್ವೆಯೋರ ಕೆಲಸ, ನಮಗ್ಯಾಕೆ ಅನ್ಬೇಡಿ. ಟಿಪ್ಪು ಹೋದ್ಮೇಲೆ, 1802ರಲ್ಲಿ, ಜಾನ್ ವಾರೆನ್ ಅನ್ನೋ ಬ್ರಿಟಿಷ್ ಅಧಿಕಾರಿ ಮೈಸೂರು ಸೀಮೆ ಮೂಡಲ ಗಡಿ ಅಳೆಯೋಕೆ ನಮ್ಮ ಕಡೆ ಬಂದಿದ್ದ. ಉರಿಗಾಂ, ಮಾರಿಕುಪ್ಪಂ ಸುತ್ತಲ ಜನ ಮಣ್ಣು ತೊಳೆದು ಚಿನ್ನ ತೆಗೆಯೋದು ನೋಡಿ ಬರೆದಿಟ್ಟ. ಸುಮಾರು ಎಪ್ಪತ್ತು ವರ್ಷ ಆದ್ಮೇಲೆ ಲವೆಲ್ ಅನ್ನೋನು ಅದನ್ನ ಓದಿ, ಗಣಿ ಹುಡುಕೋಕೆ ಮೈಸೂರು ಸರ್ಕಾರದ ಅನುಮತಿ ಕೇಳಿದ. ಆಮೇಲೆ ಕೆಜಿಎಫ್ ಆಯ್ತು, 2001ರಲ್ಲಿ ಗಣಿ ಮುಚ್ಚಿತು. ಚಿನ್ನ ತೋರಿಸಿದವರು ನಮ್ಮೋರು, ಕಾಗದ ಓದಿ ಉಪಯೋಗ ಮಾಡ್ಕೊಂಡವರು ಬೇರೆಯೋರು. ಕಾಗದ ಯಾರ ಕೈಲಿ ಇರ್ತೈತೋ ಲಾಭಾನೂ ಅವ್ರಿಗೇ.

ಅದೇ ಕಾಲದಲ್ಲಿ ಮೈಸೂರು ಸೀಮೆ ಸರ್ವೆ ಮಾಡಿಸಿದವನು ಕಾಲಿನ್ ಮೆಕೆಂಜಿ. 1821ರಲ್ಲಿ ಅವನು ತೀರ್ಕೊಂಡ. ಅವನು ಕೂಡಿಸಿದ್ದ ಕಾಗದಪತ್ರ, ನಕಾಶೆ ಲಂಡನ್ನು, ಚೆನ್ನೈ ಅಂತ ಹಂಚಿಹೋಗವೆ. ಶ್ರೀನಿವಾಸಪುರದ ಕಾಲೇಜು ಹುಡುಗಿ ನೋಡ್ಬೇಕಂದ್ರೆ ಎಲ್ಲಿಗೆ ಹೋಗ್ತಾಳೆ? ಅಸಲು ತರೋಕಾಗಲ್ಲ ಸರಿ, ಒಳ್ಳೇ ನಕಲು ತರಿಸ್ಬೋದಲ್ಲ. ಅದಕ್ಕೇ ದುಡ್ಡು ಬೇಕಾಗಿರೋದು.

ಈಗ ನೀರಿನ ಮಾತಿಗೆ ಬರಾನ. 2018ರಿಂದ ಕೆ.ಸಿ. ವ್ಯಾಲಿ ನೀರು ಲಕ್ಷ್ಮೀಸಾಗರ ಕೆರೆಗೆ ಬಂದು, ಅಲ್ಲಿಂದ ಕೆರೆಯಿಂದ ಕೆರೆಗೆ ಹರೀತೈತೆ. ಮೊದಲು ಹಾಕ್ಕೊಂಡ ಲೆಕ್ಕವೇ 126 ಕೆರೆ. ನೀರು ಹರಿಯೋಕೆ ಕಾಲುವೆ ಬೇಕು. ಕಾಲುವೆ ಎಲ್ಲಿತ್ತು ಅಂತ ಕೇಳಿದ್ರೆ ಒಬ್ಬೊಬ್ರು ಒಂದೊಂದು ಕಡೆ ಕೈ ತೋರಿಸ್ತಾರೆ. ಹಳೇ ಗ್ರಾಮ ನಕಾಶೆಯಲ್ಲಿ ಕೆರೆ, ಕಾಲುವೆ, ಬಂಡಿದಾರಿ, ಗುಂಡುತೋಪು ಎಲ್ಲಾ ಗುರುತು ಹಾಕಿರ್ತಾರೆ. ಕೋರ್ಟಿಗೆ ಸರ್ವೆ ಇಲಾಖೆ ಸೀಲು ಹಾಕಿದ ನಕಲೇ ಬೇಕು, ನಿಜ. ಆದ್ರೆ ಅಲ್ಲಿಗೆ ಹೋಗೋಕೆ ಮುಂಚೆ ಏನು ಕೇಳ್ಬೇಕು ಅಂತಾನಾದ್ರೂ ಗೊತ್ತಿರ್ಬೇಕಲ್ಲ. ಬಂಗಾರಪೇಟೆ ಹಳೇ ನಕಾಶೆಗಳಲ್ಲಿ ಬೌರಿಂಗ್‌ಪೇಟೆ. ಚಿಕ್ಕಬಳ್ಳಾಪುರ 2007ರವರೆಗೂ ನಮ್ಮ ಜಿಲ್ಲೇನೇ. ಇದು ಗೊತ್ತಿಲ್ಲದೆ ಹುಡುಕಿದ್ರೆ ಕಾಗದ ಸಿಗೋದೇ ಇಲ್ಲ.

ದುಡ್ಡಷ್ಟೇ ಅಲ್ಲ, ಅಟ್ಟದ ಮೇಲಿನ ಟ್ರಂಕುಗಳಲ್ಲೂ ನಕಾಶೆ ಇರ್ಬೋದು. ಸಿಕ್ಕಿದ್ರೆ ಲ್ಯಾಮಿನೇಶನ್ ಮಾಡಿಸ್ಬೇಡಿ, ಅಂಟಿದ ಪ್ಲಾಸ್ಟಿಕ್ಕು ಆಮೇಲೆ ಬಿಡಲ್ಲ. ಜರಿ ಸೀರೆ ಮಡಿಕೆ ಮೇಲೇ ಸೀಳೋ ಹಂಗೆ ನಕಾಶೆಯೂ ಮಡಿಕೆ ಮೇಲೇ ಹರಿಯೋದು, ಅದಕ್ಕೇ ಅಗಲವಾದ ಡ್ರಾಯರಲ್ಲಿ ಹಾಸಿ ಮಡಗ್ಬೇಕು. ಕೊಡೋಕೆ ಮನಸ್ಸಿಲ್ಲಾಂದ್ರೆ ಸ್ಕ್ಯಾನ್ ಮಾಡಿಸೋಕೆ ಕೊಟ್ಟು ವಾಪಸ್ ತಗೊಳ್ಳಿ.

ವರಮಹಾಲಕ್ಷ್ಮಿ ಹಬ್ಬಕ್ಕೆ ನಾವು ಕೊಡೋ ಬ್ಲೌಸ್ ಪೀಸುಗಳು ಹೊಲಿಸ್ಕೊಳ್ಳೋರಿಲ್ಲದೆ ಮನೆಯಿಂದ ಮನೆಗೆ ಸುತ್ತೋದು ಎಲ್ರಿಗೂ ಗೊತ್ತು. ಅರಿಶಿನ ಕುಂಕುಮ, ಎಲೆ ಅಡಿಕೆ ಕೊಡಾನ, ಪೀಸಿನ ದುಡ್ಡು ಈ ಬೀರುಗೆ ತೆಗೆದಿಡಾನ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಸಂಘದೋರು ತಲೆಗೆ ನೂರು ರೂಪಾಯಿ ಹಾಕಿದ್ರೂ ಶುರು ಮಾಡೋಕೆ ಸಾಕು. ಕೊಡೋ ಮುಂಚೆ ಎರಡು ಮಾತು ಬರೆಸ್ಕೊಳ್ಳಾನ: ದುಡ್ಡು ನಕಾಶೆಗೆ ಬಿಟ್ಟು ಬೇರೆ ಯಾವುದಕ್ಕೂ ಹೋಗ್ಬಾರ್ದು, ಬೀರು ಬೀಗ ಹಾಕ್ಕೊಂಡು ಕೂತಿರ್ಬಾರ್ದು, ಯಾರು ಕೇಳಿದ್ರೂ ತೋರಿಸ್ಬೇಕು. ರಸೀದಿ ಮಾತ್ರ ಮರೀದೇ ಇಸ್ಕೊಳ್ಳಿ.