ರಹದಾರಿಯ ಹೊಸ ಮುದ್ರೆ

ಮಗನು ಪರದೇಶದಲ್ಲಿ ಉದ್ಯೋಗದಲ್ಲಿರುವ, ಮಗಳು ಅಲ್ಲಿಯೇ ಸಂಸಾರ ಹೂಡಿರುವ ಮನೆಗಳು ನಮ್ಮ ನಾಡಿನಲ್ಲಿ ಈಗ ವಿರಳವಲ್ಲ. ಸಮುದ್ರವನ್ನು ದಾಟಿ ಬಂದವನಿಗೆ ಪ್ರಾಯಶ್ಚಿತ್ತವನ್ನು ವಿಧಿಸುತ್ತಿದ್ದ ಮನೆತನಗಳಲ್ಲಿಯೇ ಇಂದು ಅಜ್ಜಿಯು ಮಗಳ ಬಾಣಂತನಕ್ಕೆಂದು ಸಾರಿನ ಪುಡಿ, ಹಪ್ಪಳಗಳ ಗಂಟಿನೊಡನೆ ವಿಮಾನವೇರುತ್ತಾಳೆ. ಆದುದರಿಂದ ಮನೆಯ ಬೀರುವಿನಲ್ಲಿ ಜಮೀನಿನ ಪತ್ರಗಳ ಪಕ್ಕದಲ್ಲಿಯೇ ನೀಲಿ ರಟ್ಟಿನ ಚಿಕ್ಕ ಪುಸ್ತಕವೊಂದಕ್ಕೂ ಸ್ಥಳ ದೊರೆತಿದೆ. ಈಚೆಗೆ ಹೊಸದಾಗಿ ಬಂದ ಪುಸ್ತಕಗಳ ಮೇಲುಹೊದಿಕೆಯಲ್ಲಿ, ಪಾಸ್‌ಪೋರ್ಟು ಎಂಬ ಅಕ್ಷರಗಳ ಕೆಳಗೆ, ನಡುವೆ ವೃತ್ತವುಳ್ಳ ಹೊಂಬಣ್ಣದ ಸಣ್ಣ ಗುರುತೊಂದು ಇರುವುದನ್ನು ವಾಚಕರಲ್ಲಿ ಕೆಲವರು ನೋಡಿಯೇ ಇರುವರು. ಅದು ಅಲಂಕಾರಕ್ಕೆಂದು ಅಚ್ಚು ಹಾಕಿದುದಲ್ಲ. ರಟ್ಟಿನ ಒಳಗೆ ಚಿಪ್ ಎಂಬ ಅತಿ ಸಣ್ಣ ಯಂತ್ರವು ಅಡಗಿದೆಯೆಂಬುದಕ್ಕೆ ಅದು ಸಾಕ್ಷಿ. ಇದರ ಸಂಗತಿಯನ್ನು ಗೃಹಸ್ಥರು ಸ್ವಲ್ಪ ಮಟ್ಟಿಗಾದರೂ ತಿಳಿದಿರುವುದು ಒಳ್ಳೆಯದೆಂದು ನಮಗೆ ತೋರುತ್ತದೆ.

ಪಾಸ್‌ಪೋರ್ಟಿಗೆ ನಮ್ಮ ಹಿರಿಯರು ಆಡುತ್ತಿದ್ದ ಮಾತು ರಹದಾರಿ. ಮಾತು ಹೊರಗಿನಿಂದ ಬಂದುದಾದರೂ ವಸ್ತುವು ನಮ್ಮಲ್ಲಿ ಹೊಸತಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯೊಬ್ಬನಿದ್ದಾನೆ. ಅವನು ಒಂದು ಮಾಷಕವನ್ನು ತೆಗೆದುಕೊಂಡು ಮುದ್ರೆಯನ್ನು ಕೊಡತಕ್ಕದ್ದು. ಮುದ್ರೆಯುಳ್ಳವನು ನಾಡನ್ನು ಹೊಗಬಹುದು, ಹೊರಡಬಹುದು. ಮುದ್ರೆಯಿಲ್ಲದೆ ಓಡಾಡಿದ ನಾಡವನಿಗೆ ಹನ್ನೆರಡು ಪಣಗಳ ದಂಡ. ಕಳ್ಳಮುದ್ರೆಯಾದರೆ ಶಿಕ್ಷೆಯು ಇನ್ನೂ ಹೆಚ್ಚು. ಶತಮಾನಗಳ ಕಾಲ ಮರೆಯಾಗಿದ್ದ ಆ ಗ್ರಂಥವು ೧೯೦೫ರಲ್ಲಿ ಬೆಳಕಿಗೆ ಬಂದುದು ನಮ್ಮ ಮೈಸೂರಿನಲ್ಲಿಯೇ. ಆರ್. ಶಾಮಶಾಸ್ತ್ರಿಗಳು ಓಲೆಗರಿಯ ಪ್ರತಿಯನ್ನು ಗುರುತಿಸಿ ೧೯೦೯ರಲ್ಲಿ ಅಚ್ಚು ಹಾಕಿಸಿದರು. ಶುಲ್ಕ, ದಂಡ, ಕಳ್ಳನಕಲು, ಈ ಮೂರನ್ನೂ ಕಂಡುಕೊಂಡಿದ್ದ ಮುದ್ರಾಧ್ಯಕ್ಷನಿಗೆ ಇಂದಿನ ಕಚೇರಿಯಲ್ಲಿ ಕೂಡಿಸಿದರೆ ಕೆಲಸವು ಬಹಳ ಅಪರಿಚಿತವಾಗಿ ತೋರಲಾರದು.

ಈಗಿನ ಪುಸ್ತಕದ ಆಕಾರವು ಮಾತ್ರ ಮೊದಲನೆಯ ಮಹಾಯುದ್ಧದ ಫಲ. ೧೯೧೪ಕ್ಕೆ ಮುಂಚೆ ಯೂರೋಪಿನ ಬಹುಭಾಗದಲ್ಲಿ ಪ್ರಯಾಣಿಕರು ಯಾವ ಕಾಗದವನ್ನೂ ತೋರಿಸದೆ ಸಂಚರಿಸುತ್ತಿದ್ದರು. ಯುದ್ಧದ ಭಯದಿಂದ ಬಾಗಿಲುಗಳೆಲ್ಲ ಮುಚ್ಚಿದುವು. ೧೯೨೦ರಲ್ಲಿ ರಾಷ್ಟ್ರಸಂಘವು ಪ್ಯಾರಿಸಿನಲ್ಲಿ ಸಭೆ ಸೇರಿಸಿ, ೩೨ ಪುಟಗಳ ಒಂದೇ ಮಾದರಿಯ ಪುಸ್ತಕವನ್ನು ಎಲ್ಲ ದೇಶಗಳಿಗೂ ಸೂಚಿಸಿತು. ಈ ಕಟ್ಟುಪಾಡೆಲ್ಲ ಕಾಲಕ್ರಮದಲ್ಲಿ ಹೋಗಿಬಿಡುವುದೆಂದು ಆ ಸಭಿಕರು ನಂಬಿದ್ದರು! ಅದೇ ವರ್ಷ ಭಾರತದಲ್ಲಿಯೂ ಪಾಸ್‌ಪೋರ್ಟಿನ ಕಾಯಿದೆಯಾಯಿತು. ಸರಕಾರಗಳು ತಾತ್ಕಾಲಿಕವೆಂದು ಹೇಳಿ ಕಟ್ಟಿದ ಬೇಲಿಯು ಎಷ್ಟು ಬಾಳಿಕೆ ಬರುವುದೆಂಬುದಕ್ಕೆ ಬೇರೆ ನಿದರ್ಶನವು ಬೇಡ.

ಸ್ವತಂತ್ರ ಭಾರತದಲ್ಲಿಯೂ ಬಹು ದಿನ ಪಾಸ್‌ಪೋರ್ಟು ಸರಕಾರದ ಅನುಗ್ರಹವೆಂದೇ ಭಾವಿಸಲ್ಪಟ್ಟಿದ್ದಿತು. ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ೧೯೬೭ರ ಏಪ್ರಿಲಿನಲ್ಲಿ ಸತ್ವಂತ ಸಿಂಗ್ ಸಾಹ್ನಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹಾಗಲ್ಲವೆಂದು ತೀರ್ಪಿತ್ತಿತು. ಐವರು ನ್ಯಾಯಾಧೀಶರಲ್ಲಿ ಮೂವರು ಒಂದು ಕಡೆ, ಇಬ್ಬರು ಇನ್ನೊಂದು ಕಡೆ. ಒಂದು ಮತದ ಅಂತರದಲ್ಲಿ ಪರದೇಶಯಾನವು ಪ್ರಜೆಯ ಸ್ವಾತಂತ್ರ್ಯದ ಭಾಗವಾಯಿತು. ಜೂನ್ ತಿಂಗಳಲ್ಲಿ ಈಗಿರುವ ಕಾಯಿದೆಯು ಬಂತು. ೧೯೭೮ರಲ್ಲಿ ಮೇನಕಾ ಗಾಂಧಿಯವರ ಮೊಕದ್ದಮೆಯು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪಾಸ್‌ಪೋರ್ಟನ್ನು ಕಿತ್ತುಕೊಳ್ಳುವ ರೀತಿಯು ನ್ಯಾಯವಾಗಿಯೂ ಯುಕ್ತವಾಗಿಯೂ ಇರಬೇಕೆಂದಿತು.

ಪುಸ್ತಕದೊಳಗಿನ ಬರೆಹವು ಯಂತ್ರಕ್ಕೆ ಮೊದಲು ಶರಣಾದುದು ಚಿಪ್ಪಿನಿಂದಲ್ಲ, ಎರಡು ಸಾಲುಗಳಿಂದ. ಭಾವಚಿತ್ರವಿರುವ ಪುಟದ ಅಡಿಯಲ್ಲಿ ೪೪ ಅಕ್ಷರಗಳ ಎರಡು ಸಾಲುಗಳಿರುವುವು. ಬಾಣದ ತಲೆಯಂತಹ ಚಿಹ್ನೆಗಳು ನಡುನಡುವೆ ತುಂಬಿರುವುದರಿಂದ ನೋಡುವವರಿಗೆ ಯಾವುದೋ ಮಂತ್ರದ ಬೀಜಾಕ್ಷರಗಳಂತೆ ಕಾಣುವುದು. ಇದರ ನಿಯಮಗಳನ್ನು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ೧೯೮೦ರಲ್ಲಿ ಪ್ರಕಟಿಸಿತು. ಅದರಲ್ಲಿ ಸೊಗಸಾದ ಒಂದು ಲೆಕ್ಕವಿದೆ. ಮನೆಯ ಮಕ್ಕಳು ಬಿಡುವಿನ ವೇಳೆ ಮಾಡಿ ನೋಡಬಹುದು. ಹುಟ್ಟಿದ ದಿನವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಆರು ಅಂಕೆಗಳಾಗಿ ಬರೆದು, ಅಂಕೆಗಳನ್ನು ಕ್ರಮವಾಗಿ ೭, ೩, ೧, ಮತ್ತೆ ೭, ೩, ೧ರಿಂದ ಗುಣಿಸಿ ಕೂಡಿ, ಹತ್ತರಿಂದ ಭಾಗಿಸಿದರೆ ಉಳಿಯುವ ಶೇಷವೇ ಏಳನೆಯ ಅಂಕೆ. ನಮ್ಮ ದೇಶವು ಸ್ವತಂತ್ರವಾದ ದಿನ ಹುಟ್ಟಿದವರಿಗೆ ಅದು ೪೭೦೮೧೫. ಗುಣಿಸಿದರೆ ೨೮, ೨೧, ೦, ೫೬, ೩, ೫, ಕೂಡಿದರೆ ೧೧೩, ಶೇಷ ೩. ಗುಮಾಸ್ತೆಯ ಕೈತಪ್ಪಿನಿಂದ ೭ ಮತ್ತು ೮ ಸ್ಥಳ ಬದಲಿಸಿಕೊಂಡರೆ ಮೊತ್ತವು ೧೦೯ ಆಗಿ ಶೇಷವು ೯ ಬರುವುದು. ಯಂತ್ರವು ಕೂಡಲೇ ತಪ್ಪೆಂದು ಹೇಳುವುದು. ಕೈಬರೆಹದ ಪುಸ್ತಕಗಳ ಕಾಲವು ೨೦೧೫ನೆಯ ನವೆಂಬರ್ ೨೪ಕ್ಕೆ ಮುಗಿಯಿತು. ಇಪ್ಪತ್ತು ವರ್ಷಗಳ ಅವಧಿಗೆ ಕೊಟ್ಟಿದ್ದ ನಮ್ಮ ಕೆಲವು ಹಳೆಯ ಪುಸ್ತಕಗಳೂ ಆಗ ಬದಲಾಗಬೇಕಾಯಿತು.

ಯಂತ್ರವು ಅಂಕೆಯ ತಪ್ಪನ್ನು ಹಿಡಿಯಬಲ್ಲುದು. ಹೆಸರಿನ ಗೊಂದಲವನ್ನು ಬಿಡಿಸಲಾರದು. ಕನ್ನಡಿಗರಿಗೆ ನಿಜವಾದ ಕಷ್ಟವಿರುವುದು ಇಲ್ಲಿಯೇ ಎಂದು ನಮ್ಮ ಅಭಿಪ್ರಾಯ. ಎಚ್. ಎಸ್. ವೆಂಕಟೇಶ ಎಂದೊಂದು ಹೆಸರಿರಲಿ. ಎಚ್ ಎಂಬುದು ಹೊಳೆನರಸೀಪುರ, ಎಸ್ ಎಂಬುದು ತಂದೆಯ ಹೆಸರು, ಮಿಕ್ಕುದು ತನ್ನ ಹೆಸರು. ಊರು, ತಂದೆ, ತಾನು, ಇಷ್ಟನ್ನು ಹೇಳಿದರೆ ನಮ್ಮಲ್ಲಿ ವ್ಯಕ್ತಿಯ ಪರಿಚಯವು ಪೂರ್ಣವಾಗುವುದು. ಆದರೆ ಅರ್ಜಿಯಲ್ಲಿ ಇರುವುದು ಎರಡೇ ಮನೆ: ಇಟ್ಟ ಹೆಸರು, ಮನೆತನದ ಹೆಸರು. ಮೊದಲಕ್ಷರಗಳನ್ನು ಬಿಡಿಸಿ ಬರೆಯಬೇಕು. ಹೊಳೆನರಸೀಪುರವು ಮನೆತನದ ಹೆಸರಾದೀತೆ? ತಂದೆಯ ಹೆಸರನ್ನು ಮಗನು ಆ ಮನೆಯಲ್ಲಿ ತುಂಬಿದರೆ, ಪರದೇಶದ ಕಚೇರಿಯವರು ಅವನನ್ನು ಜೀವಮಾನವೆಲ್ಲ ತಂದೆಯ ಹೆಸರಿನಿಂದಲೇ ಕರೆಯುವರು. ತಂದೆಯೂ ಮಗನೂ ಒಟ್ಟಿಗೆ ಹೋದರೆ ಇಬ್ಬರಿಗೂ ಬೇರೆ ಬೇರೆ ಮನೆತನವೆಂದು ಬೆರಗಾಗುವರು. ಒಂದೇ ಹೆಸರಿನವರ ಪಾಡು ಇನ್ನೂ ಕಷ್ಟ. ೨೦೨೨ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸಿನವರು, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರುಳ್ಳವರು ಪ್ರವಾಸದ ವೀಸಾದ ಮೇಲೆ ಬರಕೂಡದೆಂದು ತಿಳಿಸಿದರು. ಪುಸ್ತಕದ ಎರಡನೆಯ ಪುಟದಲ್ಲಿ ತಂದೆಯ ಹೆಸರಿದ್ದರೆ ಒಪ್ಪುವುದಾಗಿ ತರುವಾಯ ಹೇಳಿಕೆಯಾಯಿತು. ಇನ್ನು ಇಂಗ್ಲಿಷಿನ ಕಾಗುಣಿತವನ್ನು ಕೇಳುವುದೇ ಬೇಡ. ಲಕ್ಷ್ಮಿಯನ್ನು ಕೆ, ಎಸ್, ಎಚ್ ಎಂದು ಬಿಡಿಸಿ ಬರೆಯುವವರೂ ಉಂಟು, ಎಕ್ಸ್ ಎಂಬೊಂದು ಅಕ್ಷರದಲ್ಲಿ ಮುಗಿಸುವವರೂ ಉಂಟು. ಒಬ್ಬಳೇ ಲಕ್ಷ್ಮಿಯು ಶಾಲೆಯ ಪತ್ರದಲ್ಲಿ ಒಂದು ವಿಧ, ಬ್ಯಾಂಕಿನಲ್ಲಿ ಇನ್ನೊಂದು ವಿಧ.

ಈಗ ಚಿಪ್ಪಿನ ವಿಚಾರ. ಈ ಮಾರ್ಗವನ್ನು ೧೯೯೮ರಲ್ಲಿ ಮೊದಲು ಹಿಡಿದವರು ಮಲೇಶಿಯಾದವರು. ನಮ್ಮ ದೇಶದ ಮೊದಲನೆಯ ಚಿಪ್ಪಿನ ಪಾಸ್‌ಪೋರ್ಟು ೨೦೦೮ನೆಯ ಜೂನ್ ೨೫ರಂದು ಅಂದಿನ ರಾಷ್ಟ್ರಪತಿ ಪ್ರತಿಭಾ ಪಾಟೀಲರ ಕೈ ಸೇರಿತು. ಆದರೆ ಅದು ರಾಜತಾಂತ್ರಿಕರ ಕೆಂಗಂದು ಬಣ್ಣದ ಪುಸ್ತಕ. ಸಾಮಾನ್ಯರ ನೀಲಿ ಪುಸ್ತಕಕ್ಕೆ ಆ ಭಾಗ್ಯವು ಒದಗಲು ಹದಿನಾರು ವರ್ಷಗಳು ಹಿಡಿದುವು. ೨೦೨೪ನೆಯ ಏಪ್ರಿಲ್ ೧ರಿಂದ ನಾಗಪುರ ಭುವನೇಶ್ವರಗಳೇ ಮೊದಲಾದ ಕಡೆ ಪ್ರಯೋಗವು ನಡೆದು, ೨೦೨೫ರಲ್ಲಿ ದೇಶದ ಇತರ ಕಚೇರಿಗಳಿಗೂ ಹರಡಿತು. ಚಿಪ್ಪಿಲ್ಲದ ಹಳೆಯ ಪುಸ್ತಕವು ತನ್ನ ಅವಧಿ ತೀರುವವರೆಗೂ ಸಲ್ಲುವುದು. ಅದನ್ನು ಈಗಲೇ ಬದಲಾಯಿಸಬೇಕೆಂದು ಅವಸರಪಡಿಸುವ ದಳ್ಳಾಳಿಗಳ ಮಾತಿಗೆ ಯಾರೂ ಕಿವಿಗೊಡತಕ್ಕದ್ದಲ್ಲ.

ಚಿಪ್ಪಿಗೆ ತನ್ನದಾದ ವಿದ್ಯುತ್ತಿಲ್ಲ. ಓದುವ ಯಂತ್ರದ ಸಮೀಪಕ್ಕೆ ತಂದಾಗ ಆ ಯಂತ್ರದ ತರಂಗಗಳಿಂದಲೇ ಶಕ್ತಿಯನ್ನು ಪಡೆದು ಅದು ಮಾತಾಡುವುದು. ಬೀದಿಯಲ್ಲಿ ಹೋಗುವ ಕಳ್ಳನು ಚೀಲದೊಳಗಿನ ಪುಸ್ತಕವನ್ನು ಓದಿಬಿಡಲಾರನೆ ಎಂಬ ಶಂಕೆಯು ಸಹಜ. ಅದಕ್ಕಾಗಿಯೇ ಒಂದು ಉಪಾಯವಿದೆ. ಪುಸ್ತಕವನ್ನು ತೆರೆದು ಮೇಲೆ ಹೇಳಿದ ಎರಡು ಸಾಲುಗಳನ್ನು ತೋರಿಸಿದ ಹೊರತು ಚಿಪ್ ಬಾಯಿ ಬಿಡುವುದಿಲ್ಲ. ಪಾಸ್‌ಪೋರ್ಟಿನ ಸಂಖ್ಯೆ, ಹುಟ್ಟಿದ ದಿನ, ಅವಧಿಯ ಕೊನೆಯ ದಿನ, ಈ ಮೂರರಿಂದ ಅದರ ಬೀಗದ ಕೈ ಸಿದ್ಧವಾಗುವುದು. ಒಳಗಿನ ಬರೆಹಕ್ಕೆ ಸರಕಾರದ ಗಣಿತದ ರುಜುವಿರುತ್ತದೆ. ಹಿಂದಿನವರು ಕಾಗದದ ಮೇಲೆ ಅರಗಿನ ಮುದ್ರೆಯನ್ನು ಒತ್ತುತ್ತಿದ್ದುದು ಹೇಗೋ ಹಾಗೆ. ಒಳಗೆ ಒಂದಕ್ಷರವನ್ನು ತಿದ್ದಿದರೂ ರುಜುವು ಹೊಂದುವುದಿಲ್ಲ. ಭಾವಚಿತ್ರವನ್ನು ಕಿತ್ತು ಬೇರೆಯದನ್ನು ಅಂಟಿಸುತ್ತಿದ್ದ ಹಳೆಯ ಕೈಚಳಕಕ್ಕೆ ಇದರಿಂದ ದೊಡ್ಡ ಅಡ್ಡಿಯಾಗಿರುವುದರಲ್ಲಿ ಸಂದೇಹವಿಲ್ಲ. ಚಿಪ್ಪಿನಲ್ಲಿ ಮುಖದ ಚಿತ್ರವಿರಲೇಬೇಕೆಂದೂ, ಬೆರಳಚ್ಚು ಮತ್ತು ಕಣ್ಣಿನ ಗುರುತುಗಳು ಆಯಾ ದೇಶದ ಇಷ್ಟವೆಂದೂ ವಿಮಾನಯಾನ ಸಂಸ್ಥೆಯ ನಿಯಮ. ಇದು ವಿವೇಕದ ಆಯ್ಕೆಯೆನ್ನಬೇಕು. ನಲವತ್ತು ವರ್ಷ ಪಾತ್ರೆ ತಿಕ್ಕಿದ ಗೃಹಿಣಿಯ, ಗದ್ದೆಯಲ್ಲಿ ದುಡಿದ ರೈತನ ಬೆರಳಿನ ಗೆರೆಗಳು ಸವೆದಿರುವುದನ್ನು ಪಡಿತರದ ಅಂಗಡಿಯಲ್ಲಿ ನಾವೆಲ್ಲರೂ ಕಂಡಿದ್ದೇವೆ.

ಬೆರಳಚ್ಚಿನ ಮಾತು ಬಂದುದರಿಂದ ಒಂದು ಹಳೆಯ ಕಥೆಯನ್ನು ನೆನೆಯಬೇಕಾಗಿದೆ. ಈ ವಿದ್ಯೆಯು ಬೆಳೆದುದು ನಮ್ಮ ದೇಶದಲ್ಲಿಯೇ. ೧೮೫೮ರಲ್ಲಿ ಬಂಗಾಳದ ಅಧಿಕಾರಿ ವಿಲಿಯಂ ಹರ್ಷೆಲ್ಲನು ರಸ್ತೆಯ ಸಾಮಗ್ರಿಯನ್ನು ಒದಗಿಸುವ ಗುತ್ತಿಗೆದಾರನೊಬ್ಬನಿಂದ ಕರಾರುಪತ್ರದ ಮೇಲೆ ಅಂಗೈಯ ಅಚ್ಚನ್ನು ಒತ್ತಿಸಿಕೊಂಡನು. ೧೮೯೭ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿಯೇ ಏರ್ಪಟ್ಟಿತು. ಅಲ್ಲಿ ಗೆರೆಗಳನ್ನು ವಿಂಗಡಿಸುವ ಕ್ರಮವನ್ನು ಕಷ್ಟಪಟ್ಟು ರೂಪಿಸಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯರು. ಅದಕ್ಕೆ ನಿಂತ ಹೆಸರು ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದು. ಹತ್ತು ವರ್ಷ ಕಳೆಯುವುದರೊಳಗೆ ಅದೇ ವಿದ್ಯೆಯು ಭಾರತೀಯರ ಮೇಲೆಯೇ ತಿರುಗಿಬಿತ್ತು. ದಕ್ಷಿಣ ಆಫ್ರಿಕದ ಟ್ರಾನ್ಸ್‌ವಾಲಿನಲ್ಲಿ ನಮ್ಮವರು ಹೊಸದಾಗಿ ಹೆಸರು ದಾಖಲಿಸಿ, ಬೆರಳಚ್ಚು ಕೊಟ್ಟು, ಪೋಲೀಸರು ಕೇಳಿದೆಡೆಯಲ್ಲಿ ಪತ್ರವನ್ನು ತೋರಿಸಬೇಕೆಂದು ೧೯೦೬ರಲ್ಲಿ ಶಾಸನವಾಯಿತು. ಸೆಪ್ಟೆಂಬರ್ ೧೧ರಂದು ಜೋಹಾನ್ಸ್‌ಬರ್ಗಿನ ನಾಟಕಶಾಲೆಯಲ್ಲಿ ಸೇರಿದ ಜನರು ಅದಕ್ಕೆ ಮಣಿಯುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. ಸತ್ಯಾಗ್ರಹವು ಹುಟ್ಟಿದುದು ಹೀಗೆ. ೧೯೦೮ರ ಆರಂಭದಲ್ಲಿ, ಸ್ವಂತ ಇಚ್ಛೆಯಿಂದ ದಾಖಲಾದರೆ ಕಾಯಿದೆಯು ರದ್ದಾಗುವುದೆಂಬ ನಂಬುಗೆಯ ಮೇಲೆ ಗಾಂಧಿಯವರು ಬೆರಳಚ್ಚು ಕೊಡಲು ಒಪ್ಪಿದರು. ಅದಕ್ಕಾಗಿ ಸಿಟ್ಟಾದ ತಮ್ಮವರಿಂದಲೇ ಪೆಟ್ಟು ತಿಂದು, ಗಾಯಗೊಂಡು ಮಲಗಿದ್ದಲ್ಲಿಯೇ ಕೊಟ್ಟರು. ಕಾಯಿದೆಯು ರದ್ದಾಗಲಿಲ್ಲ. ಆಗಸ್ಟ್ ೧೬ರಂದು ೨೦೦೦ಕ್ಕೂ ಹೆಚ್ಚು ಪತ್ರಗಳು ಮಸೀದಿಯೊಂದರ ಬಯಲಿನಲ್ಲಿ ಉರಿದುಹೋದುವು. ಬೆರಳಚ್ಚು ಎರಡು ಸಲವೂ ಒಂದೇ. ಬಲಾತ್ಕಾರವೇ ಅಥವಾ ವಿಶ್ವಾಸವೇ ಎಂಬಲ್ಲಿ ಮಾತ್ರ ವ್ಯತ್ಯಾಸವಿದ್ದಿತು.

ಆ ಪ್ರಶ್ನೆಯು ಇನ್ನೂ ಮುಗಿದಿಲ್ಲ. ಕಳೆದುಹೋದ ಬೀಗದ ಕೈಗೆ ಬದಲಾಗಿ ಮತ್ತೊಂದನ್ನು ಮಾಡಿಸಬಹುದು. ಮುಖದ ಲೆಕ್ಕವು ಒಮ್ಮೆ ಪರರ ಪಾಲಾದರೆ ಬೇರೆ ಮುಖವನ್ನು ತರುವುದೆಲ್ಲಿಂದ? ವ್ಯಕ್ತಿಯ ಖಾಸಗಿತನವು ಮೂಲಭೂತ ಹಕ್ಕೆಂದು ೨೦೧೭ನೆಯ ಆಗಸ್ಟ್ ೨೪ರಂದು ಸುಪ್ರೀಂ ಕೋರ್ಟಿನ ಒಂಬತ್ತು ಮಂದಿ ನ್ಯಾಯಾಧೀಶರೂ ಒಮ್ಮತದಿಂದ ಹೇಳಿದರು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಅವರದೂ ಎರಡು ಮೊದಲಕ್ಷರಗಳ ಹೆಸರು! ಜನರು ಎಚ್ಚರವಾಗಿದ್ದರೆ ಸರಕಾರವು ಕೇಳುವುದೂ ಉಂಟು. ೨೦೧೮ರ ಜನವರಿಯಲ್ಲಿ, ಹತ್ತನೆಯ ತರಗತಿಯನ್ನು ಮುಗಿಸದೆ ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋಗುವಂತಹವರಿಗೆ ಕಿತ್ತಳೆ ಬಣ್ಣದ ಪುಸ್ತಕವನ್ನು ಕೊಡುವೆವೆಂದು ಸಾರಿದ್ದರು. ಓದದವನ ಹಣೆಗೆ ಬಣ್ಣ ಬಳಿದಂತಾಗುವುದೆಂದು ಆಕ್ಷೇಪಣೆ ಎದ್ದಿತು. ಅದೇ ತಿಂಗಳ ೩೦ರಂದು ಯೋಚನೆಯನ್ನು ಕೈಬಿಟ್ಟರು.

ಪಾಸ್‌ಪೋರ್ಟನ್ನು ಪಡೆಯುವ ದಾರಿಯಂತೂ ಮೊದಲಿಗಿಂತ ಸುಗಮವಾಗಿದೆ. ೨೦೧೦ರಲ್ಲಿ ಸೇವಾಕೇಂದ್ರಗಳನ್ನು ಪ್ರಯೋಗಕ್ಕಾಗಿ ತೆರೆದಾಗ ಬೆಂಗಳೂರು, ಹುಬ್ಬಳ್ಳಿ, ಮಂಗಳೂರುಗಳು ಮೊದಲ ಸಾಲಿನಲ್ಲಿದ್ದುವು. ಅಂಚೆ ಕಚೇರಿಯಲ್ಲಿಯೇ ಅರ್ಜಿಯನ್ನು ತೆಗೆದುಕೊಳ್ಳುವ ಏರ್ಪಾಡು ೨೦೧೭ರ ಜನವರಿಯಲ್ಲಿ ಪ್ರಾರಂಭವಾದುದು ಗುಜರಾತಿನ ದಾಹೋದಿನಲ್ಲಿ ಮತ್ತು ನಮ್ಮ ಮೈಸೂರಿನಲ್ಲಿ.

ಹೊಸ ಪುಸ್ತಕವುಳ್ಳವರು ಅದನ್ನು ಮಡಿಸುವುದು, ಪಿನ್ನು ಚುಚ್ಚುವುದು, ನೀರಿಗೆ ತಾಗಿಸುವುದು, ಬಿಸಿಲಿನಲ್ಲಿ ಇಟ್ಟು ಮರೆಯುವುದು, ಇವನ್ನು ಬಿಡಬೇಕು. ಕೈ ಸೇರಿದ ದಿನವೇ ಹೆಸರಿನ ಪ್ರತಿಯಕ್ಷರವನ್ನೂ ನೋಡಿಕೊಳ್ಳಬೇಕು. ೨೦೨೩ನೆಯ ಅಕ್ಟೋಬರ್ ೧ ಮತ್ತು ಅನಂತರ ಹುಟ್ಟಿದ ಮಕ್ಕಳಿಗೆ ಜನನದ ದಿನಕ್ಕೆ ಜನನ ಪ್ರಮಾಣಪತ್ರವೊಂದೇ ಆಧಾರವೆಂದು ೨೦೨೫ರಲ್ಲಿ ನಿಯಮವಾಗಿದೆ. ಶಾಲೆಯ ಪತ್ರವಾಗಲಿ ಬೇರೆ ಕಾಗದವಾಗಲಿ ಇನ್ನು ನಡೆಯದು. ಮಗುವಿನ ಹೆಸರನ್ನು ಆ ಪತ್ರದಲ್ಲಿ ಸೇರಿಸಲು ಜನನವನ್ನು ದಾಖಲಿಸಿದ ೧೨ ತಿಂಗಳವರೆಗೆ ಶುಲ್ಕವಿಲ್ಲ. ನಾಮಕರಣವಾದೊಡನೆ ಕಚೇರಿಗೆ ಹೋಗುವವರು, ಹೆಸರಿನ ಕನ್ನಡ ರೂಪದ ಜೊತೆಗೆ ಇಂಗ್ಲಿಷಿನ ಅಕ್ಷರಗಳನ್ನೂ ಮನೆಯಲ್ಲಿ ಎಲ್ಲರೂ ಕುಳಿತು ಗೊತ್ತುಮಾಡಿ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗುವುದು ಮೇಲು.